ಯೂರೋಪಿನ ಶಾಲಾವಿನಿಮಯವೂ ಹದಿಹರೆಯದವರ ಆಹಾರಕ್ರಮವೂ

ಒಂದು ದೇಶದ ಮಕ್ಕಳು ಮತ್ತೊಂದು ದೇಶದ ಶಾಲೆಗೆ ಅತಿಥಿಗಳಾಗಿ ಹೋಗಿ, ಅಲ್ಲಿಯ ಮಕ್ಕಳ ಮನೆಗಳಲ್ಲಿಯೇ ಒಂದು ವಾರ ಇಳಿದುಕೊಂಡು, ಅವರ ಪಂಕ್ತಿಯಲ್ಲಿ ಕುಳಿತು ಉಂಡು, ನಾವು ತಿನ್ನುವುದು ಹಿತವೋ ಇವರು ತಿನ್ನುವುದು ಹಿತವೋ ಎಂದು ವಿಚಾರಮಾಡುವ ಪದ್ಧತಿಯೊಂದು ಯೂರೋಪು ಖಂಡದಲ್ಲಿ ಕೆಲವು ದಶಕಗಳಿಂದ ನಡೆದುಬಂದಿದೆ. ಈ ಸಂಚಿಕೆಯನ್ನು ಓದುವವರು ಹೆಣ್ಣುಮಕ್ಕಳ ತಾಯಿತಂದೆಗಳು; ಅಥವಾ ಒಂದು ಕಾಲದಲ್ಲಿ ಇದೇ ಶಾಲೆಯ ಬೆಂಚುಗಳ ಮೇಲೆ ಕುಳಿತು ಈಗ ತಮ್ಮ ಸಂಸಾರಗಳನ್ನು ನಡಿಸುತ್ತಿರುವ ಸೋದರಿಯರು. ಆದಕಾರಣ ಆ ಪದ್ಧತಿಯನ್ನು ಸ್ವಲ್ಪ ವಿಸ್ತಾರವಾಗಿ ತಿಳಿಸುವುದು ಇಲ್ಲಿ ಅಪ್ರಕೃತವಾಗಲಾರದೆಂದು ನಾವು ಭಾವಿಸುವೆವು.

ಈ ಏರ್ಪಾಡಿನ ಮೂಲವನ್ನು ಮೊದಲು ಹೇಳಬೇಕು. ಯೂರೋಪಿನ ಒಕ್ಕೂಟದವರು 1995ರಲ್ಲಿ ಶಾಲೆಗಳಿಗೆಂದೇ ಒಂದು ಯೋಜನೆಯನ್ನು ಆರಂಭಿಸಿ ಅದಕ್ಕೆ 'ಕೊಮೇನಿಯಸ್' ಎಂದು ಹೆಸರಿಟ್ಟರು. ಕೊಮೇನಿಯಸನು (1592–1670) ಮೊರಾವಿಯದವನು. ಸಹೋದರರ ಐಕ್ಯವೆಂಬ ಕ್ರೈಸ್ತಸಭೆಯ ಬಿಷಪನಾಗಿದ್ದವನು. ಯುದ್ಧದ ದೆಸೆಯಿಂದ ಸ್ವದೇಶವನ್ನು ಬಿಟ್ಟು ಪೋಲೆಂಡು, ಹಂಗೆರಿ, ಹಾಲೆಂಡುಗಳಲ್ಲಿ ಅಲೆದು, ಆಂಸ್ಟರ್‌ಡಾಮಿನಲ್ಲಿ ದೇಹವನ್ನು ಬಿಟ್ಟನು. ಮಕ್ಕಳಿಗೆ ಚಿತ್ರಗಳ ಮೂಲಕ ಪಾಠ ಹೇಳುವ ಪುಸ್ತಕವೊಂದನ್ನು 1658ರಲ್ಲಿ ಅಚ್ಚು ಹಾಕಿಸಿದವನೂ, ಹೆಣ್ಣುಮಕ್ಕಳಿಗೂ ವಿದ್ಯೆ ಬೇಕೆಂದು ಆ ಕಾಲದಲ್ಲಿಯೇ ವಾದಿಸಿದವನೂ ಇವನೇ. ತಾಯಂದಿರಿಗೋಸ್ಕರ ಇವನು ಬರೆದು 1633ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟವಾದ ಗ್ರಂಥವೊಂದರಲ್ಲಿ, ಎಳೆಯ ಮಕ್ಕಳ ಆಹಾರವು ಸಾದಾ ಆಗಿರತಕ್ಕದ್ದು ಎಂಬ ಬುದ್ಧಿವಾದವೂ ಉಂಟು. ಹೀಗಿರಲು ಅವನ ಹೆಸರನ್ನು ಹೊತ್ತ ಯೋಜನೆಯೊಳಗೆ ಊಟದ ಮಾತು ಪ್ರವೇಶಿಸಿದ್ದು ಆಶ್ಚರ್ಯವಲ್ಲ.

2005ರಲ್ಲಿ, ಪ್ರಯಾಣವಿಲ್ಲದೆ ಗಣಕಯಂತ್ರಗಳ ಮೂಲಕವೇ ಶಾಲೆಗಳನ್ನು ಜೊತೆಗೂಡಿಸುವ ಈ-ಟ್ವಿನ್ನಿಂಗ್ ಎಂಬ ಏರ್ಪಾಡು ಬಂದಿತು. 2014ರಲ್ಲಿ ಇವೆಲ್ಲವೂ, 1987ರಿಂದ ಕಾಲೇಜು ವಿದ್ಯಾರ್ಥಿಗಳಿಗಾಗಿ ನಡೆಯುತ್ತಿದ್ದ ಎರಾಸ್ಮಸ್ ಯೋಜನೆಯೊಂದಿಗೆ ಸೇರಿ 'ಎರಾಸ್ಮಸ್ ಪ್ಲಸ್' ಎಂಬ ಒಂದೇ ಹೆಸರಿನ ಕೆಳಗೆ ಬಂದುವು.

ಭಾಷೆ, ಚರಿತ್ರೆ, ವಿಜ್ಞಾನ, ಸಂಗೀತ ಮೊದಲಾದ ಯಾವ ವಿಷಯವನ್ನಾದರೂ ಈ ಶಾಲೆಗಳು ಆರಿಸಿಕೊಳ್ಳಬಹುದು. ಆದರೂ ಆಹಾರ ಮತ್ತು ಆರೋಗ್ಯವನ್ನು ಮತ್ತೆ ಮತ್ತೆ ಆರಿಸಿಕೊಳ್ಳುವುದಕ್ಕೆ ಕಾರಣವು ಸರಳವಾಗಿದೆ. ಲೆಕ್ಕದಲ್ಲಿ ಹಿಂದುಳಿದ ಮಗುವೂ ತನ್ನ ಮನೆಯ ಅಡಿಗೆಯನ್ನು ಬಲ್ಲದು. ಪರಭಾಷೆಯಲ್ಲಿ ನಾಲ್ಕು ವಾಕ್ಯಗಳನ್ನು ಆಡಲಾರದ ಹುಡುಗಿಯೂ ಹಿಟ್ಟನ್ನು ನಾದಿ ತೋರಿಸಬಲ್ಲಳು.

ಸಾಮಾನ್ಯವಾಗಿ ನಡೆಯುವ ಕ್ರಮ ಹೀಗೆ. ಎರಡು ಮೂರು, ಕೆಲವೊಮ್ಮೆ ಐದಾರು ದೇಶಗಳ ಶಾಲೆಗಳು ಒಡಂಬಟ್ಟು ಎರಡು ವರುಷದ ಮಟ್ಟಿಗೆ ಒಂದು ಕಾರ್ಯಕ್ರಮವನ್ನು ಬರೆದು ಸಲ್ಲಿಸುವುವು. ಅದು ಮಂಜೂರಾದ ಮೇಲೆ ಮಕ್ಕಳು ತಾವು ಒಂದು ವಾರದಲ್ಲಿ ತಿಂದದ್ದನ್ನೂ ಕುಡಿದದ್ದನ್ನೂ, ಎಷ್ಟು ನಡೆದರು, ಎಷ್ಟು ಹೊತ್ತು ನಿದ್ರಿಸಿದರು ಎಂಬುದನ್ನೂ ದಿನಚರಿಯಲ್ಲಿ ಬರೆಯುವರು. ದಿನಚರಿಗಳನ್ನು ಅದಲುಬದಲು ಮಾಡಿಕೊಂಡು ಓದುವರು. ಬಳಿಕ ಪ್ರತಿಯೊಂದು ದೇಶಕ್ಕೂ ಸರದಿಯ ಮೇಲೆ ಕೆಲವು ಮಕ್ಕಳೂ ಉಪಾಧ್ಯಾಯರೂ ಹೋಗುವರು. ಅಡಿಗೆ, ಆಟ, ಹೊಲ ತೋಟಗಳ ದರ್ಶನ, ಪೇಟೆಗೆ ಹೋಗಿ ಡಬ್ಬಗಳ ಮೇಲಿನ ಚೀಟಿಗಳನ್ನು ಓದುವುದು ಇತ್ಯಾದಿ ನಡೆಯುವುದು. ಕಡೆಗೊಂದು ಪಾಕಪುಸ್ತಕವನ್ನು ಹೊರಡಿಸುವುದು ಬಹುತೇಕ ವಾಡಿಕೆಯೇ ಆಗಿದೆ. ಈ ಪಾಕಪುಸ್ತಕಗಳ ವಿಷಯದಲ್ಲಿ ನಮಗೆ ಒಂದು ದೂರುಂಟು: ಆರೋಗ್ಯದ ಹೆಸರಿನಲ್ಲಿ ಆರಂಭವಾದವು ಪುಟ ತಿರುವಿದಂತೆಲ್ಲ ಸಿಹಿತಿಂಡಿಗಳ ಪುಸ್ತಕಗಳಾಗಿಬಿಡುತ್ತವೆ. ಅತಿಥಿಗೆ ಸಿಹಿ ಉಣಿಸುವ ಆಸೆ ಎಲ್ಲ ದೇಶಗಳಲ್ಲಿಯೂ ಒಂದೇ ಎಂದು ಕಾಣುತ್ತದೆ.

ಬೆಳಗಿನ ಉಪಾಹಾರವೊಂದನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಇಟಲಿಯ ಹುಡುಗಿಯು ಹಾಲಿನೊಂದಿಗೆ ಒಂದೆರಡು ಬಿಸ್ಕತ್ತುಗಳನ್ನು ತಿಂದು ಓಡುವಳು. ತುರ್ಕಿ ದೇಶದ ಮನೆಯಲ್ಲಿ ರಜೆಯ ದಿನದಂದು ಆಲಿವ್ ಕಾಯಿ, ಗಿಣ್ಣು, ಟೊಮೆಟೊ, ಸೌತೆಕಾಯಿ, ಮೊಟ್ಟೆ, ರೊಟ್ಟಿ, ಚಹ ಇವು ಮೇಜಿನ ತುಂಬ ಹರಡಿರುವುವು. ಎಲ್ಲರೂ ಕುಳಿತು ಸಾವಕಾಶವಾಗಿ ತಿನ್ನುವರು. ಪೋಲೆಂಡಿನವರಿಗೆ ಮನೆಯಲ್ಲಿ ತಿಂದದ್ದು ಸಾಲದೆ ಶಾಲೆಯಲ್ಲಿ 'ಎರಡನೆಯ ಉಪಾಹಾರ' ಎಂಬುದೊಂದು ಉಂಟು. ಜರ್ಮನಿಯ ಮಗುವು ಬಿಡುವಿನ ವೇಳೆಗೆಂದು ಕಪ್ಪು ರೊಟ್ಟಿಯನ್ನು ಡಬ್ಬಿಯಲ್ಲಿ ಕಟ್ಟಿಕೊಂಡು ಬರುವುದು. ರಾತ್ರಿಯಲ್ಲಿಯಾದರೋ ಅನೇಕ ಮನೆಗಳಲ್ಲಿ ಒಲೆಯನ್ನೇ ಹೊತ್ತಿಸದೆ ತಣ್ಣನೆಯ ರೊಟ್ಟಿ ಗಿಣ್ಣುಗಳಲ್ಲಿ ಊಟ ಮುಗಿಸುವರು. ಸ್ಪೇನಿನಲ್ಲಿ ರಾತ್ರಿ ಊಟಕ್ಕೆ ಒಂಬತ್ತು ಗಂಟೆ ದಾಟುವುದುಂಟು. ಆ ಹೊತ್ತಿಗೆ ಮಲಗಿಬಿಡುವ ಉತ್ತರ ದೇಶದ ಅತಿಥಿಯು ತೂಕಡಿಸುತ್ತ ಕುಳಿತಿರುವ ದೃಶ್ಯವನ್ನು ವಾಚಕರು ಊಹಿಸಿಕೊಳ್ಳಬಹುದು.

ಫಿನ್‌ಲೆಂಡಿನ ಶಾಲೆಯ ಊಟವು ಅತಿಥಿಗಳನ್ನು ವಿಶೇಷವಾಗಿ ಬೆರಗುಗೊಳಿಸುತ್ತದೆ. ಶಾಲೆಯ ಮಕ್ಕಳೆಲ್ಲರಿಗೂ ಧರ್ಮಾರ್ಥವಾಗಿ ಊಟ ಕೊಡಬೇಕೆಂದು ಅಲ್ಲಿ 1943ರಲ್ಲಿ ಕಾನೂನಾಯಿತು. ಊರುಗಳು ಅದನ್ನು 1948ರೊಳಗಾಗಿ ಜಾರಿಗೆ ತರಬೇಕಾಗಿತ್ತು. ಯುದ್ಧಕಾಲದ ಬಡತನದಲ್ಲಿ ಆ ಸಣ್ಣ ದೇಶವು ಕೈಕೊಂಡ ಈ ತೀರ್ಮಾನವನ್ನು ನಾವು ಬಹಳ ದೊಡ್ಡದೆಂದು ಎಣಿಸುವೆವು. ಅನ್ನಶಾಲೆಯ ಬಾಗಿಲಲ್ಲಿ ಮಾದರಿಯ ತಟ್ಟೆಯೊಂದನ್ನು ಬಡಿಸಿ ಇಟ್ಟಿರುವುದೂ ಉಂಟು: ಅರ್ಧ ಭಾಗ ಕಾಯಿಪಲ್ಯ, ಕಾಲು ಭಾಗ ಆಲೂಗೆಡ್ಡೆ ಅಥವಾ ಅನ್ನ, ಉಳಿದ ಕಾಲು ಭಾಗ ಮೀನು, ಮಾಂಸ ಇಲ್ಲವೆ ಕಾಳು, ಪಕ್ಕದಲ್ಲಿ ರೊಟ್ಟಿ, ಹಾಲು ಅಥವಾ ನೀರು. ಮಕ್ಕಳು ಅದನ್ನು ನೋಡಿ ತಾವೇ ಬಡಿಸಿಕೊಳ್ಳುವರು. ಯಾರೂ ಉಪನ್ಯಾಸ ಮಾಡುವುದಿಲ್ಲ. ಪೋರ್ಚುಗಲ್ಲಿನ ಶಾಲೆಗಳಲ್ಲಿ ಊಟವು ಕಾಯಿಪಲ್ಯದ ಸಾರಿನಿಂದ ಆರಂಭವಾಗುವುದು. ಹೀಗೆ ಹಸಿವು ಚುರುಕಾಗಿರುವಾಗಲೇ ಸೊಪ್ಪು ತರಕಾರಿಗಳು ಹೊಟ್ಟೆ ಸೇರುವುವು. ಇದು ಒಳ್ಳೆಯ ಉಪಾಯ.

ಇಷ್ಟೆಲ್ಲ ಶ್ರಮಕ್ಕೆ ಪ್ರೇರಣೆಯೇನು? 1982ರಲ್ಲಿ ಇಂಗ್ಲೆಂಡು, ಫಿನ್‌ಲೆಂಡು, ನಾರ್ವೆ ದೇಶಗಳ ಸಂಶೋಧಕರು ಕೂಡಿ ಹನ್ನೊಂದು, ಹದಿಮೂರು, ಹದಿನೈದು ವಯಸ್ಸಿನ ಶಾಲಾಮಕ್ಕಳ ಆರೋಗ್ಯ ಮತ್ತು ನಡವಳಿಕೆಯ ವಿಚಾರಣೆಯನ್ನು ಆರಂಭಿಸಿದರು. ಅದು ವಿಶ್ವ ಆರೋಗ್ಯ ಸಂಸ್ಥೆಯ ಸಹಕಾರದಿಂದ ನಾಲ್ಕು ವರುಷಗಳಿಗೊಮ್ಮೆ ಇಂದಿಗೂ ನಡೆಯುತ್ತಿದೆ. 2022ರ ಸುತ್ತಿನಲ್ಲಿ 44 ದೇಶ ಪ್ರಾಂತಗಳ ಮಕ್ಕಳನ್ನು ಕೇಳಲಾಗಿ, ಪ್ರತಿದಿನವೂ ಹಣ್ಣು ತಿನ್ನುವವರು ಐವರಲ್ಲಿ ಇಬ್ಬರಿಗಿಂತ ಕಡಿಮೆ ಎಂದು ತಿಳಿದುಬಂದಿತು. ಕಾಯಿಪಲ್ಯದ ಗತಿಯೂ ಅದೇ. ಪ್ರತಿದಿನ ಮಿಠಾಯಿ ತಿನ್ನುವವರು ನಾಲ್ವರಲ್ಲಿ ಒಬ್ಬರು. ವಯಸ್ಸು ಏರಿದಂತೆ ಬೆಳಗಿನ ಉಪಾಹಾರವನ್ನು ಬಿಡುವವರು ಹೆಚ್ಚುವರು. ಹುಡುಗರಿಗಿಂತ ಹುಡುಗಿಯರಲ್ಲಿ ಇದು ಅಧಿಕ. ದೇಹಶ್ರಮದ ಲೆಕ್ಕವು ಇನ್ನೂ ಶೋಚನೀಯವಾಗಿದೆ. ಈ ವಯಸ್ಸಿನವರಿಗೆ ದಿನಕ್ಕೆ ಅರುವತ್ತು ನಿಮಿಷಗಳಾದರೂ ಓಟ, ಆಟ, ಚುರುಕಾದ ನಡಿಗೆ ಬೇಕೆಂಬುದು ವೈದ್ಯರ ಮತ. 146 ದೇಶಗಳ ಲೆಕ್ಕಗಳನ್ನು ಕೂಡಿಸಿ ನೋಡಿದಾಗ, 2016ರಲ್ಲಿ ಇಷ್ಟನ್ನು ಮಾಡದ ಬಾಲಕರು ನೂರಕ್ಕೆ 78, ಬಾಲಿಕೆಯರು ನೂರಕ್ಕೆ 85. ಈ ಕಡೆಯ ಅಂಕೆಯನ್ನು ತಾಯಿತಂದೆಗಳು ಮತ್ತೊಮ್ಮೆ ಓದಬೇಕೆಂದು ಬೇಡುವೆವು. ಏಕೆಂದರೆ ಅದು ಯೂರೋಪಿನದು ಮಾತ್ರವಲ್ಲ.

ಅಂಕೆಗಳನ್ನು ಗೋಡೆಯ ಮೇಲೆ ಅಂಟಿಸಿದ ಮಾತ್ರಕ್ಕೆ ಯಾವ ಹುಡುಗಿಯೂ ಸೊಪ್ಪು ತಿನ್ನಳು. ವಿನಿಮಯದ ಬಲವಿರುವುದು ಬೇರೆಡೆಯಲ್ಲಿ. ಡೆನ್ಮಾರ್ಕಿನ ಇಲ್ಲವೆ ಹಾಲೆಂಡಿನ ಮನೆಯಲ್ಲಿ ಇಳಿದ ಅತಿಥಿಯು, ಆ ಮನೆಯ ಮಕ್ಕಳು ಬೈಸಿಕಲ್ ಹತ್ತಿ ಶಾಲೆಗೆ ಹೊರಟಾಗ ತಾನೂ ಹತ್ತಲೇಬೇಕು. ತನ್ನ ಊರಿನಲ್ಲಿ ಮುಟ್ಟದಿದ್ದ ಮೂಲಂಗಿಯನ್ನು ಪರರ ತಾಯಿ ಪ್ರೀತಿಯಿಂದ ಬಡಿಸಿದಾಗ ನಾಚಿಕೆಗಾದರೂ ಒಂದು ತುತ್ತು ತಿನ್ನುವಳು. ಒಪ್ಪದ ರುಚಿಯು ಹತ್ತು ಹದಿನೈದು ಸಲ ನಾಲಿಗೆಗೆ ತಾಗಿದರೆ ಕ್ರಮೇಣ ಒಗ್ಗುವುದೆಂದು ಚಿಕ್ಕ ಮಕ್ಕಳ ವಿಷಯದಲ್ಲಿ ಪರೀಕ್ಷೆಗಳಿಂದ ತಿಳಿದಿದೆ. ನಮ್ಮ ಬೋರ್ಡಿಂಗಿನ ಹಾಗಲಕಾಯಿ ಪಲ್ಯವನ್ನು ಮೊದಲ ವರುಷ ಕಣ್ಣೀರಿನೊಂದಿಗೆ ನುಂಗಿ, ನಾಲ್ಕನೆಯ ವರುಷ ಎರಡನೆಯ ಸಲ ಬಡಿಸಿಕೊಂಡವರಿಗೆ ಈ ಪರೀಕ್ಷೆಗಳ ಸಾಕ್ಷ್ಯ ಬೇಕಾಗಿಲ್ಲ.

ಸಕ್ಕರೆಯ ಪಾಠವೂ ಹೀಗೆಯೇ. ಮಕ್ಕಳು ಪಾನೀಯದ ಸೀಸೆಯ ಮೇಲಿನ ಚೀಟಿಯನ್ನು ಓದಿ, ಅದರೊಳಗಿರುವಷ್ಟೇ ಸಕ್ಕರೆಯನ್ನು ತಕ್ಕಡಿಯಲ್ಲಿ ತೂಗಿ ಸೀಸೆಯ ಮುಂದೆ ರಾಶಿ ಹಾಕುವರು. 330 ಮಿಲಿಲೀಟರಿನ ಕೋಲಾ ಡಬ್ಬಿಯಲ್ಲಿ ಸುಮಾರು 35 ಗ್ರಾಂ, ಅಂದರೆ ಎಂಟು ಒಂಬತ್ತು ಚಹದ ಚಮಚಗಳಷ್ಟು ಸಕ್ಕರೆ. ಬೆಳೆದವರೂ ಹೀಗೆ ಬೆರೆಸಿದ ಸಕ್ಕರೆಯನ್ನು ದಿನಕ್ಕೆ 50 ಗ್ರಾಂ ಮೀರಬಾರದು, ಅದರ ಅರ್ಧವಾದರೆ ಇನ್ನೂ ಲೇಸು, ಎಂದು ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ಹೇಳಿದೆ. ಹಲವು ದೇಶಗಳ ಸೀಸೆಗಳನ್ನು ಸಾಲಾಗಿ ಇಟ್ಟಾಗ ಮತ್ತೊಂದು ಗುಟ್ಟು ಹೊರಬೀಳುತ್ತದೆ. ಒಂದೇ ಹೆಸರಿನ ಕಿತ್ತಳೆ ಪಾನೀಯದಲ್ಲಿ ಎಲ್ಲ ದೇಶಗಳಲ್ಲಿಯೂ ಒಂದೇ ಪ್ರಮಾಣದ ಸಕ್ಕರೆಯಿರುವುದಿಲ್ಲ. ಬ್ರಿಟನ್ನಿನವರು ಸಕ್ಕರೆ ಹೆಚ್ಚಿದ್ದಷ್ಟೂ ತೆರಿಗೆ ಹೆಚ್ಚೆಂದು 2018ರಲ್ಲಿ ವಿಧಿಸಿದುದರಿಂದ ತಯಾರಕರು ಅಲ್ಲಿ ಸಕ್ಕರೆಯನ್ನು ಕಡಿಮೆ ಮಾಡಿದರು. ಹದಿನಾಲ್ಕು ವರ್ಷದ ಹುಡುಗಿಯು ಇದನ್ನು ತಾನೇ ಕಂಡುಹಿಡಿದಾಗ, ರುಚಿಯು ತನ್ನ ಇಷ್ಟವೊಂದರಿಂದಲೇ ಆದುದಲ್ಲ, ಕಾರ್ಖಾನೆಯೂ ಸರಕಾರವೂ ಅದರಲ್ಲಿ ಕೈಹಾಕಿವೆ ಎಂದು ಅರಿಯುವಳು.

ಈಗ, ಹೆಣ್ಣುಮಕ್ಕಳ ಶಾಲೆಯ ಸಂಚಿಕೆಯಲ್ಲಿ ನಾವು ಹೇಳದೆ ಬಿಡಲಾಗದ ಸಂಗತಿಯೊಂದಿದೆ. ಮೇಲೆ ಹೇಳಿದ ವಿಚಾರಣೆಯಲ್ಲಿಯೇ, ಅತಿತೂಕವುಳ್ಳವರು ಹುಡುಗರಲ್ಲಿ ಹೆಚ್ಚೆಂದೂ, ಆದರೆ 'ನಾನು ದಪ್ಪ' ಎಂದು ಕೊರಗುವವರು ಹುಡುಗಿಯರಲ್ಲಿ ಹೆಚ್ಚೆಂದೂ ಕಾಣುತ್ತದೆ. ಆದುದರಿಂದ ಆರೋಗ್ಯದ ಹೆಸರಿನಲ್ಲಿ ತಕ್ಕಡಿಯನ್ನು ತರಗತಿಗೆ ತಂದು, ಮಕ್ಕಳನ್ನು ಒಬ್ಬೊಬ್ಬರನ್ನಾಗಿ ನಿಲ್ಲಿಸಿ, ತೂಕವನ್ನು ಗಟ್ಟಿಯಾಗಿ ಓದುವ ಉಪಾಧ್ಯಾಯಿನಿಯು ಎಷ್ಟೇ ಸದುದ್ದೇಶದವಳಾಗಿದ್ದರೂ ಕೇಡನ್ನೇ ಮಾಡುವಳು. ಹೀಗೆ ನಾಚಿಕೆಪಟ್ಟ ಹುಡುಗಿಯು ಮರುದಿನ ಉಪಾಹಾರವನ್ನು ಬಿಡುವಳು. ಕೆಲವರು ಉಣ್ಣುವುದನ್ನೇ ಬಿಡುತ್ತ ಬಂದು, ವೈದ್ಯರ ಕೈಗೆ ಹೋಗಬೇಕಾದ ವ್ಯಾಧಿಗೆ ಒಳಗಾಗುವರು. ಆ ವ್ಯಾಧಿಯು ಪ್ರಾಣವನ್ನೂ ತೆಗೆಯಬಲ್ಲದು. ಋತುಮತಿಯಾದ ಮೇಲೆ ಬಾಲಿಕೆಯ ದೇಹಕ್ಕೆ ಕಬ್ಬಿಣದ ಅಂಶವು ಹೆಚ್ಚಾಗಿ ಬೇಕು. ಎಲುಬು ಗಟ್ಟಿಯಾಗುವುದೂ ಇದೇ ವಯಸ್ಸಿನಲ್ಲಿ. ತಿನ್ನಬೇಕಾದ ಕಾಲದಲ್ಲಿ ತಿನ್ನದಿರುವುದು ಅತಿಯಾಗಿ ತಿನ್ನುವುದಕ್ಕಿಂತ ಚಿಕ್ಕ ತಪ್ಪಲ್ಲ. ಚೆನ್ನಾಗಿ ನಡೆದ ವಿನಿಮಯಗಳಲ್ಲಿ ಅಡಿಗೆ, ಆಟ, ನಿದ್ರೆ ಇವುಗಳ ಮಾತು ಬರುವುದೇ ಹೊರತು ಯಾರ ಸೊಂಟದ ಮಾತೂ ಬರುವುದಿಲ್ಲ.

ಬಡತನದ ಮಾತೂ ಹೀಗೆಯೇ ಸೂಕ್ಷ್ಮವಾದುದು. ಹಣ್ಣು ತರಕಾರಿಗಳು ಸ್ಥಿತಿವಂತರ ಮಕ್ಕಳ ತಟ್ಟೆಯಲ್ಲಿ ಹೆಚ್ಚು, ಅಗ್ಗದ ಸಿಹಿ ಪಾನೀಯಗಳು ಬಡವರ ಮಕ್ಕಳ ಕೈಯಲ್ಲಿ ಹೆಚ್ಚು ಎಂಬುದು ಯೂರೋಪಿನಲ್ಲಿಯೂ ನಿಜ. ವಾರದ ದಿನಚರಿಯನ್ನು ಎಲ್ಲರ ಮುಂದೆ ಓದಿಸಿದರೆ ಅದು ತಂದೆಯ ಸಂಬಳವನ್ನೇ ಓದಿಸಿದಂತೆ. ಆದಕಾರಣ ಹೆಸರಿಲ್ಲದೆ ಬರೆಯಿಸುವುದು ಮೇಲು. ಪ್ರಯಾಣಕ್ಕೂ ವಸತಿಗೂ ಯೋಜನೆಯಿಂದ ಹಣ ಸಿಕ್ಕುವುದರಿಂದ ಬಡ ಮನೆಯ ಮಗುವೂ ಹೊರಡಬಹುದು. ಆದರೆ ಬಂದ ಅತಿಥಿಯನ್ನು ತನ್ನ ಎರಡು ಕೋಣೆಯ ಮನೆಯಲ್ಲಿ ಇಳಿಸಿಕೊಳ್ಳುವುದು ಹೇಗೆಂದು ಅದರ ತಾಯಿ ಹಿಂಜರಿಯುವಳು. ಆಗ ಕೆಲವು ಶಾಲೆಗಳು ಅತಿಥಿಗಳನ್ನು ವಸತಿಗೃಹದಲ್ಲಿ ಇಳಿಸಿ, ಊಟಕ್ಕೆ ಮಾತ್ರ ಸರದಿಯ ಮೇಲೆ ಮನೆಗಳಿಗೆ ಕಳುಹಿಸುವುವು.

2020ರಲ್ಲಿ ಮಹಾಮಾರಿಯಿಂದ ಶಾಲೆಗಳು ಮುಚ್ಚಿದಾಗ ಪ್ರಯಾಣಗಳು ನಿಂತುವು. ಮಕ್ಕಳು ತಂತಮ್ಮ ಅಡಿಗೆಮನೆಗಳಲ್ಲಿಯೇ ನಿಂತು, ಪರದೆಯಲ್ಲಿ ಒಬ್ಬರನ್ನೊಬ್ಬರು ನೋಡುತ್ತ ಅಡಿಗೆ ಮಾಡಿದರು. ಅಡಿಗೆ ಕಲಿತರೆಂಬುದು ನಿಜ. ಆದರೂ ಪರರ ಮನೆಯ ಪಂಕ್ತಿಗೆ ಪರದೆಯು ಸಮವಲ್ಲವೆಂದು ನಮ್ಮ ಅಭಿಪ್ರಾಯ. ಮೂಲಂಗಿಯನ್ನು ಪರದೆಯಲ್ಲಿ ನೋಡಿ ನಗಬಹುದು, ತಿನ್ನಬೇಕಾಗಿಲ್ಲ.

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಯಾರಾದರೂ ಆ ದೇಶಗಳಲ್ಲಿ ಸಂಸಾರ ಹೂಡಿದ್ದು, ಅವರ ಮಕ್ಕಳು ಅಲ್ಲಿಯ ಶಾಲೆಗಳಲ್ಲಿ ಓದುತ್ತಿದ್ದರೆ ಅವರಿಗೆ ಈ ಸಂಗತಿಯು ಪ್ರಯೋಜನವಾದೀತು. ಅರ್ಜಿಯನ್ನು ಸಲ್ಲಿಸತಕ್ಕದ್ದು ಶಾಲೆಯೇ ಹೊರತು ಮನೆಯವರಲ್ಲ. ಆದುದರಿಂದ ಮೊದಲು ಮುಖ್ಯೋಪಾಧ್ಯಾಯರನ್ನು ವಿಚಾರಿಸಬೇಕು. ಮಗು ಹೊರಡುವ ಮುಂಚೆ ತುಂಬಿ ಕಳುಹಿಸುವ ಪತ್ರದಲ್ಲಿ, ಅದರ ದೇಹಕ್ಕೆ ಒಗ್ಗದ ಆಹಾರವನ್ನೂ, ಮನೆಯ ಆಚಾರಕ್ಕನುಸಾರವಾಗಿ ಬಿಟ್ಟಿರುವುದನ್ನೂ ಸ್ಪಷ್ಟವಾಗಿ ಬರೆಯಬೇಕು. ಕಡಲೆಕಾಯಿ, ಹಾಲು, ಮೊಟ್ಟೆ ಮುಂತಾದವುಗಳಿಂದ ಕೆಲವರಿಗೆ ಪ್ರಾಣಾಪಾಯವೇ ಉಂಟಾಗುವುದರಿಂದ ಇದರಲ್ಲಿ ಸಂಕೋಚ ಸಲ್ಲದು. ಅದಕ್ಕೆ ಹಿಡಿಸದ ಪದಾರ್ಥಗಳ ಪಟ್ಟಿಯನ್ನು ಮಾತ್ರ, ಎಷ್ಟೇ ಉದ್ದವಾಗಿದ್ದರೂ, ತಾಯಂದಿರು ತಮ್ಮಲ್ಲಿಯೇ ಇಟ್ಟುಕೊಳ್ಳಲಿ.