ಜೇನಿನ ವೇಷದ ಹೂವಿಗೆ ಹೆಸರಿಟ್ಟವರು ಯಾರು?

ಶಿವರಾತ್ರಿ ಕಳೆದು ಮುಂಗಾರು ಹಿಡಿಯುವವರೆಗಿನ ಬೇಸಿಗೆಯಲ್ಲಿ ಪಶ್ಚಿಮಘಟ್ಟದ ಮರಗಳ ಮೇಲೆ ಒಂದು ವಿಚಿತ್ರ ಸೀತಾಳೆ ಅರಳುತ್ತದೆ. ಪಟ್ಟಿಯಂತೆ ಬಾಗಿದ ಎಲೆಗಳ ನಡುವಿನಿಂದ ಬಡಕಲು ದಂಟೊಂದು ಉದ್ದಕ್ಕೆ ಚಾಚಿಕೊಳ್ಳುತ್ತದೆ. ಅದರ ತುದಿಯಲ್ಲಿ ಕೆಲವೇ ಹೂಗಳು. ಎಸಳುಗಳು ಕೆಂಪು ಬೆರೆತ ಹಳದಿ, ಅವುಗಳ ಮೇಲೆ ನೇರಳೆ ಗೆರೆ. ಆದರೆ ಮುಂದಕ್ಕೆ ಚಾಚಿದ ‘ತುಟಿ’ ಎಂಬ ಎಸಳಿನ ರೂಪವೇ ಬೇರೆ! ಕಡು ನೇರಳೆ, ಮಖಮಲ್ಲಿನಂಥ ಮೈ, ಅಂಚಿಗೆ ಹಳದಿ. ದೂರದಿಂದ ನೋಡಿದರೆ ದಂಟಿಗೆ ನಾಲ್ಕಾರು ಜೇನ್ನೊಣಗಳು ಕಚ್ಚಿಕೊಂಡು ಕುಳಿತಂತೆ ಕಾಣುತ್ತದೆ.

ಸಸ್ಯಶಾಸ್ತ್ರದ ಗ್ರಂಥಗಳಲ್ಲಿ ಇದರ ಹೆಸರು ಕಾಟನಿಯಾ ಪೆಡಂಕ್ಯುಲಾರಿಸ್. ಭಾರತ ಮತ್ತು ಶ್ರೀಲಂಕಾ ಬಿಟ್ಟರೆ ಬೇರೆಲ್ಲೂ ಇದು ಕಾಡಿನಲ್ಲಿ ಬೆಳೆಯುವುದಿಲ್ಲ. ಕಾಟನಿಯಾ ಎಂಬ ಕುಲಕ್ಕೆ ಇದೊಂದೇ ಪ್ರಭೇದ. ಅಣ್ಣ ತಮ್ಮಂದಿರಿಲ್ಲದ ಒಂಟಿ ಜೀವ!

ಇಷ್ಟು ಸ್ಪಷ್ಟ ರೂಪದ ಹೂವಿಗೆ ಹೆಸರಿಡುವುದು ಸುಲಭವೆಂದು ತೋರಬಹುದು. ಆದರೆ ಹೆಸರಿಡುವವರ ಕಣ್ಣು ಎಲ್ಲಿ ನಿಲ್ಲುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ನಮ್ಮ ಕಡೆಯ ಮಾತನ್ನೇ ತೆಗೆದುಕೊಳ್ಳಿ. ಗುಂಡ್ಲುಪೇಟೆಯ ರೈತನಿಗೆ ಮರದ ಮೇಲೆ ಬೆಳೆದ ಮರವಲ್ಲದ ಗಿಡವೆಲ್ಲ ಬದನಿಕೆ. ಮಾವು, ಹೊಂಗೆಗಳ ಕೊಂಬೆಯೊಳಕ್ಕೆ ಬೇರಿಳಿಸಿ ರಸ ಹೀರುವ ಬದನಿಕೆಯ ಮೇಲೆ ಅವನಿಗೆ ಸಿಟ್ಟಿರುವುದು ನ್ಯಾಯವೇ. ಆದರೆ ಬಂಡೀಪುರದಂಥ ಒಣ ಕಾಡುಗಳ ಮರಗಳಲ್ಲಿ ಕಾಣುವ ವಾಂಡಾ ಟೆಸಲೇಟಾ ಎಂಬ ಸೀತಾಳೆಗೂ ಇದೇ ಹೆಸರು ಅಂಟಿಕೊಂಡಿದೆ. ಈ ಸೀತಾಳೆ ಮರದ ರಸ ಮುಟ್ಟುವುದಿಲ್ಲ. ತೊಗಟೆಯನ್ನು ಆಸರೆಗೆ ಹಿಡಿದು, ಗಾಳಿಯಲ್ಲಿ ತೂಗುವ ಬೇರುಗಳಿಂದ ಮಳೆ, ಮಂಜಿನ ನೀರನ್ನು ಹೀರಿ ಬದುಕುತ್ತದೆ. ಬದನಿಕೆಯೆಂದು ಕಿತ್ತೆಸೆದರೆ ಮರಕ್ಕೇನೂ ಲಾಭವಿಲ್ಲ, ಗಿಡಕ್ಕೆ ಮಾತ್ರ ಸಾವು.

ತಮಾಷೆಯೆಂದರೆ, ಪಂಡಿತರ ‘ವಾಂಡಾ’ ಕೂಡ ನಮ್ಮ ನೆಲದ್ದೇ ಮಾತು. ಮರದ ಮೇಲೆ ಬೆಳೆಯುವ ಗಿಡಗಳಿಗೆ ಸಂಸ್ಕೃತದಲ್ಲಿರುವ ‘ವಂದಾ’ ಎಂಬ ಹೆಸರನ್ನೇ ಎತ್ತಿಕೊಂಡು ರಾಬರ್ಟ್ ಬ್ರೌನ್ ಎಂಬ ಸಸ್ಯಶಾಸ್ತ್ರಜ್ಞ 1820ರಲ್ಲಿ ಆ ಕುಲವನ್ನು ಸ್ಥಾಪಿಸಿದ. ಅಂದರೆ ರೈತ ಮಾಡಿದ ಗುಂಪುಗೂಡಿಕೆಗೂ ಲ್ಯಾಟಿನ್ ಹೆಸರಿನ ಮೂಲಕ್ಕೂ ಅಂಥ ದೂರವೇನಿಲ್ಲ.

ನಮ್ಮ ಜೇನಿನ ವೇಷದ ಹೂವು ಮೊದಲು ಹೋಗಿ ಸೇರಿದ್ದೂ ಇದೇ ವಾಂಡಾ ಮನೆಗೆ. 1833ರಲ್ಲಿ ಇಂಗ್ಲೆಂಡಿನ ಜಾನ್ ಲಿಂಡ್ಲೆ ಅದನ್ನು ವಾಂಡಾ ಪೆಡಂಕ್ಯುಲಾರಿಸ್ ಎಂದು ಕರೆದ. ಆತನ ಕಣ್ಣು ನಿಂತದ್ದು ಜೇನಿನ ಮೇಲಲ್ಲ, ಆ ಉದ್ದನೆಯ ಹೂದಂಟಿನ ಮೇಲೆ. ‘ಪೆಡಂಕ್ಯುಲಾರಿಸ್’ ಎಂದರೆ ಹೂದಂಟಿಗೆ ಸಂಬಂಧಿಸಿದ್ದು ಎಂದಷ್ಟೇ ಅರ್ಥ. 1851ರಲ್ಲಿ ರಾಬರ್ಟ್ ವೈಟ್ ಇದು ವಾಂಡಾ ಅಲ್ಲ, ಬೇರೆಯದೇ ಕುಲ ಎಂದು ಸಾರಿ ಕಾಟನಿಯಾ ಮ್ಯಾಕ್ರೊಸ್ಟೇಕಿಯಾ ಎಂಬ ಹೊಸ ಹೆಸರು ಕೊಟ್ಟ. ಆರು ವರ್ಷದ ನಂತರ ಜರ್ಮನಿಯ ರೈಖನ್‌ಬಾಖ್ ಎರಡನ್ನೂ ಕೂಡಿಸಿದ. ಕುಲದ ಹೆಸರು ವೈಟನದು, ಪ್ರಭೇದದ ಹೆಸರು ಲಿಂಡ್ಲೆಯದು. ಮೊದಲು ಪ್ರಕಟವಾದ ಹೆಸರಿಗೇ ಮನ್ನಣೆ ಎಂಬುದು ಈ ಶಾಸ್ತ್ರದ ಕಟ್ಟಳೆ.

ಇನ್ನು ಕಾಟನ್ ಯಾರು? ಹತ್ತಿಯೆಂದು ತಿಳಿಯಬೇಡಿ! ಮದ್ರಾಸ್ ಎಂಜಿನಿಯರ್ಸ್ ಪಡೆಯ ಫ್ರೆಡರಿಕ್ ಕಾನ್ಯರ್ಸ್ ಕಾಟನ್ ಎಂಬ ಅಧಿಕಾರಿ ಈತ, ಗೋದಾವರಿಗೆ ಅಣೆಕಟ್ಟು ಕಟ್ಟಿದ ಆರ್ಥರ್ ಕಾಟನ್‌ನ ಸೋದರ. ತಲಚೇರಿಯ ಕಡೆ ಈ ಗಿಡವನ್ನು ಗುರುತಿಸಿದವನು ಎಂದು ಅವನ ಹೆಸರನ್ನೇ ಇಡಲಾಯಿತು. ಹೆಸರು ಕೊಟ್ಟ ವೈಟ್‌ನಿಗೆ ಮಾತ್ರ ಹತ್ತಿಯ ನಂಟು ನಿಜವಾಗಿಯೂ ಇತ್ತು. ವೃತ್ತಿಯಿಂದ ವೈದ್ಯನಾದ ಆತ 1842ರಿಂದ 1853ರವರೆಗೆ ನಮ್ಮ ಗಡಿಯಾಚೆಯ ಕೊಯಮತ್ತೂರಿನಲ್ಲಿ ಅಮೆರಿಕದ ಹತ್ತಿ ಬೆಳೆಸುವ ಸರ್ಕಾರಿ ಪ್ರಯೋಗದ ಉಸ್ತುವಾರಿ ಹೊತ್ತಿದ್ದ.

ವೈಟ್‌ನ ಗ್ರಂಥಮಾಲೆಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಸಸ್ಯಚಿತ್ರಗಳಿವೆ. ಅವನಿಗಾಗಿ ಚಿತ್ರ ಬರೆದವರು ದಕ್ಷಿಣ ಭಾರತದ ಕಲಾವಿದರು. ಮೊದಲು ರಂಗಯ್ಯ, ಆಮೇಲೆ ಗೋವಿಂದು. ಹೂವನ್ನು ಸೀಳಿ ಒಳಗಿನ ಪರಾಗದ ಮುದ್ದೆಯ ಆಕಾರವನ್ನೂ ಕಾಗದಕ್ಕಿಳಿಸುವ ಕೆಲಸ ಇದು. ಒಂದು ಆರ್ಕಿಡ್ ಇನ್ನೊಂದರಿಂದ ಬೇರೆ ಎಂದು ಯೂರೋಪಿನ ಪಂಡಿತರು ಒಪ್ಪಬೇಕಾದರೆ ಇಂಥ ಚಿತ್ರವೇ ಆಧಾರ. ವೈಟ್ ಈ ಋಣವನ್ನು ಮರೆಯಲಿಲ್ಲ. 1853ರಲ್ಲಿ ಒಂದು ಆರ್ಕಿಡ್ ಕುಲಕ್ಕೆ ‘ಗೋವಿಂದೂಯಿಯಾ’ ಎಂದೇ ಹೆಸರಿಟ್ಟ. ಆದರೆ ಅದೇ ಕುಲಕ್ಕೆ 1833ರಲ್ಲೇ ಲಿಂಡ್ಲೆ ‘ಟ್ರೊಪಿಡಿಯಾ’ ಎಂದು ಕರೆದಾಗಿತ್ತು. ಕಟ್ಟಳೆಯಂತೆ ಹಳೆಯದೇ ಗೆದ್ದಿತು. ಎಂಜಿನಿಯರ್ ಸಾಹೇಬನ ಹೆಸರು ಇಂದಿಗೂ ಹೂವಿನ ಮೇಲೆ ಉಳಿದಿದೆ, ಕಲಾವಿದ ಗೋವಿಂದುವಿನದು ರದ್ದಾದ ಹೆಸರುಗಳ ಪಟ್ಟಿಯಲ್ಲಿದೆ. ಇದರಲ್ಲಿ ಯಾರ ಸಂಚೂ ಇಲ್ಲ, ನಿಜ. ಆದರೂ ಓದಿದಾಗ ಮನಸ್ಸಿಗೆ ಕಸಿವಿಸಿಯಾಗುತ್ತದೆ.

ಅದಿರಲಿ, ಇವರಲ್ಲಿ ಯಾರೂ ಜೇನಿನ ಹೋಲಿಕೆಯನ್ನು ಹೆಸರಿಗೆ ತರಲಿಲ್ಲವೇಕೆ? ಯೂರೋಪಿನಲ್ಲಿ ಆ ಕೆಲಸ ಆಗಲೇ ಆಗಿಹೋಗಿತ್ತು, ಜೊತೆಗೆ ತಕರಾರೂ ಶುರುವಾಗಿತ್ತು. ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಹುಲ್ಲುಗಾವಲುಗಳಲ್ಲಿ ಆಫ್ರಿಸ್ ಎಂಬ ನೆಲದ ಆರ್ಕಿಡ್‌ಗಳಿವೆ. ನಮ್ಮ ಕಾಟನಿಯಾಕ್ಕೆ ಇವು ಹತ್ತಿರದ ನೆಂಟರಲ್ಲ. ಅದು ಮರದ ಮೇಲಿನದು, ಇವು ನೆಲದೊಳಗೆ ಗೆಡ್ಡೆ ಬಿಡುವಂಥವು. ವೇಷ ಮಾತ್ರ ಒಂದೇ. ಗ್ರೀಕ್ ಭಾಷೆಯಲ್ಲಿ ಆಫ್ರಿಸ್ ಎಂದರೆ ಹುಬ್ಬು. ಆಧುನಿಕ ನಾಮಕರಣ ಪದ್ಧತಿಯ ಪಿತಾಮಹ ಲಿನೇಯಸ್ 1753ರಲ್ಲಿ ಜೇನಿನಂಥದ್ದು, ನೊಣದಂಥದ್ದು ಎಲ್ಲವನ್ನೂ ‘ಆಫ್ರಿಸ್ ಇನ್ಸೆಕ್ಟಿಫೆರಾ’, ಅಂದರೆ ಕೀಟ ಹೊತ್ತ ಆಫ್ರಿಸ್, ಎಂಬ ಒಂದೇ ಪ್ರಭೇದದೊಳಕ್ಕೆ ತುಂಬಿದ್ದ. ಒಂಬತ್ತು ವರ್ಷದಲ್ಲೇ, 1762ರಲ್ಲಿ, ಇಂಗ್ಲೆಂಡಿನ ವಿಲಿಯಂ ಹಡ್ಸನ್ ಜೇನಿನಂಥದ್ದನ್ನು ಹೊರಗೆಳೆದು ‘ಆಫ್ರಿಸ್ ಏಪಿಫೆರಾ’, ಅಂದರೆ ಜೇನು ಹೊತ್ತದ್ದು, ಎಂದು ಬೇರೆ ಮಾಡಿದ. ಅಂದಿನಿಂದ ಒಡೆಯುವವರ ಮತ್ತು ಕೂಡಿಸುವವರ ಹಗ್ಗಜಗ್ಗಾಟ ನಿಂತಿಲ್ಲ.

ಹೂವೊಂದು ಜೇನಿನ ವೇಷ ಹಾಕುವುದಾದರೂ ಏಕೆ? ವಾಂಡಾ ಕುಲವನ್ನು ಸ್ಥಾಪಿಸಿದ ಅದೇ ರಾಬರ್ಟ್ ಬ್ರೌನ್, ಕೀಟಗಳನ್ನು ದೂರವಿಡಲು ಇರಬೇಕೆಂದು ಊಹಿಸಿದ್ದ. ಸೀಟು ಹಿಡಿಯಲು ಬಸ್ಸಿನಲ್ಲಿ ಟವೆಲು ಹಾಕುತ್ತೇವಲ್ಲ, ಹಾಗೆ! ಚಾರ್ಲ್ಸ್ ಡಾರ್ವಿನ್ ಇದನ್ನು ಒಪ್ಪಲಿಲ್ಲ. ಆದರೆ ಅವನೂ ಬೇಸ್ತು ಬಿದ್ದ. ಇಂಗ್ಲೆಂಡಿನ ಏಪಿಫೆರಾ ಹೂವಿನಲ್ಲಿ ಪರಾಗದ ಮುದ್ದೆಗಳು ತಾವಾಗಿಯೇ ಬಾಗಿ ಅದೇ ಹೂವಿನ ಶಲಾಕಾಗ್ರಕ್ಕೆ ತಗಲುತ್ತವೆಂದು ಕಂಡು 1862ರ ತನ್ನ ಗ್ರಂಥದಲ್ಲಿ ಅಚ್ಚರಿಪಟ್ಟ. ಜೇನನ್ನು ಕರೆಯುವ ಸಿದ್ಧತೆಯೆಲ್ಲ ಇದೆ, ಕಾರ್ಯ ಮಾತ್ರ ಜೇನಿಲ್ಲದೆಯೇ ಮುಗಿಯುತ್ತಿದೆ!

ಗುಟ್ಟು ಬಯಲಾದದ್ದು ಅಲ್ಜೀರಿಯಾದಲ್ಲಿ. ಅಲ್ಲಿ ನ್ಯಾಯಾಧೀಶನಾಗಿದ್ದ ಪೂಯಾನ್ ಎಂಬ ಫ್ರೆಂಚ್ ವ್ಯಕ್ತಿ ವರ್ಷಗಟ್ಟಲೆ ಈ ಹೂಗಳ ಮುಂದೆ ಕುಳಿತು ನೋಡಿದ. ಹೂವಿಗೆ ಬರುತ್ತಿದ್ದವು ಗಂಡು ಕಣಜಗಳು ಮಾತ್ರ. ಅವು ಮಕರಂದ ಹುಡುಕುತ್ತಿರಲಿಲ್ಲ. ಹೂವನ್ನೇ ಹೆಣ್ಣೆಂದು ಬಗೆದು ಕೂಡಲು ಹವಣಿಸುತ್ತಿದ್ದವು. ಆ ಗಡಿಬಿಡಿಯಲ್ಲಿ ಪರಾಗದ ಮುದ್ದೆ ಅವುಗಳ ಮೈಗೆ ಅಂಟಿ ಮುಂದಿನ ಹೂವಿಗೆ ಸಾಗುತ್ತಿತ್ತು. 1916ರಲ್ಲಿ ಇದು ಪ್ರಕಟವಾಯಿತು. ಸ್ವೀಡನ್ನಿನ ಕುಲ್ಲೆನ್‌ಬರ್ಗ್ 1961ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಇಲ್ಲಿ ನೋಟಕ್ಕಿಂತ ವಾಸನೆಯದೇ ಮೇಲುಗೈ ಎಂಬುದು ತಿಳಿಯಿತು. 1999ರಲ್ಲಿ ಒಂದು ಆಫ್ರಿಸ್ ಹೂವು ಸೂಸುವ ರಾಸಾಯನಿಕಗಳೂ ಅದನ್ನು ಮುಟ್ಟುವ ಜೇನಿನ ಹೆಣ್ಣುಗಳ ಮೈವಾಸನೆಯೂ ಒಂದೇ ಎಂದು ಪ್ರಯೋಗಾಲಯದಲ್ಲೇ ಸಾಬೀತಾಯಿತು. ಅಂದರೆ ಮನುಷ್ಯರು ಕಣ್ಣಿಂದ ನೋಡಿ ಹೆಸರಿಡುತ್ತಿದ್ದ ಹೂವು ಮಾತಾಡುತ್ತಿದ್ದುದು ಕೀಟದ ಮೂಗಿನೊಡನೆ.

ಇಲ್ಲಿಂದ ಹೆಸರುಗಳ ಪ್ರವಾಹವೇ ಹರಿಯಿತು. ಒಂದೊಂದು ಹೂವಿಗೂ ಒಂದೊಂದು ಜಾತಿಯ ಜೇನಾದರೆ, ಜೇನು ಬದಲಾದಲ್ಲೆಲ್ಲ ಪ್ರಭೇದವೂ ಬದಲಾಗಬೇಕಲ್ಲವೇ? ಹೀಗೆ ವಾದಿಸಿದವರು ಆಫ್ರಿಸ್ ಪ್ರಭೇದಗಳನ್ನು ಮುನ್ನೂರರ ಆಚೆಗೆ ಒಯ್ದರು. ವಂಶವಾಹಿಗಳನ್ನು ಹೋಲಿಸಿದವರು ಹತ್ತರ ಆಸುಪಾಸಿನಲ್ಲೇ ನಿಂತರು. ಇದು ಪಂಡಿತರ ಕಾಲಹರಣ ಎನ್ನುವಂತಿಲ್ಲ. ಮುನ್ನೂರು ಎಂದು ಎಣಿಸಿದರೆ ಒಂದು ದ್ವೀಪದ, ಒಂದು ಗುಡ್ಡದ ಹೂವೂ ಅಳಿವಿನಂಚಿನ ಅಪರೂಪದ ಪ್ರಭೇದವಾಗಿ ರಕ್ಷಣೆ ಬೇಡುತ್ತದೆ. ಹತ್ತು ಎಂದರೆ ಅದೇ ಹೂವು ಎಲ್ಲೆಡೆ ಸಿಗುವ ಸಾಮಾನ್ಯ ಗಿಡದ ಒಂದು ರೂಪವಾಗಿ, ಅದರ ಮೇಲೆ ರಸ್ತೆ ಹಾಯುತ್ತದೆ. ನನಗೇನೋ ಮುನ್ನೂರು ಅತಿಯೆನಿಸುತ್ತದೆ. ಆದರೆ ಆ ಒಂದು ಗುಡ್ಡವನ್ನು ಉಳಿಸಿಕೊಳ್ಳಲು ಮುನ್ನೂರೇ ಬೇಕಿದ್ದರೆ ಬೇಡವೆನ್ನಲೂ ಮನಸ್ಸು ಬಾರದು.

ಎಷ್ಟು ಭೇದ ಮಾಡಬೇಕು ಎಂಬುದನ್ನು ಬದುಕಿನ ಅಗತ್ಯವೂ ತೀರ್ಮಾನಿಸುತ್ತದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ನಿಜವಾದ ಜೇನನ್ನು ಬಲ್ಲವರು. ಹೆಜ್ಜೇನು, ತುಡುವೆ, ಕಡ್ಡಿಜೇನು, ನೆಸರಿ ಎಂದು ನಾಲ್ಕನ್ನೂ ಗೂಡು, ಸ್ವಭಾವ, ತುಪ್ಪದಿಂದಲೇ ಬೇರ್ಪಡಿಸುತ್ತಾರೆ. ಅವರ ನುಡಿ ಮತ್ತು ಪ್ರಕೃತಿಜ್ಞಾನವನ್ನು ದಾಖಲಿಸಿದ ಭಾಷಾವಿಜ್ಞಾನಿ ಆಂಗ್ ಸಿ ಈ ಕುರಿತು ವಿವರವಾಗಿ ಬರೆದಿದ್ದಾರೆ. ವಿಜ್ಞಾನವೂ ಇವನ್ನು ನಾಲ್ಕೆಂದೇ ಎಣಿಸುತ್ತದೆ. ಚುಚ್ಚದ ನೆಸರಿಗೆ ಮಾತ್ರ 1854ರಲ್ಲಿಟ್ಟ ‘ಟ್ರೈಗೋನಾ’ ಎಂಬ ಕುಲನಾಮ ಹೋಗಿ ಈಗ ‘ಟೆಟ್ರಗೊನುಲಾ’ ಬಂದಿದೆ. ಬೆಟ್ಟದಲ್ಲಿ ಅದು ನೆಸರಿಯಾಗಿಯೇ ಇದೆ.

ಹೆಸರು ಕಲಸಿಹೋದರೆ ಏನಾಗುತ್ತದೆ ಎಂಬುದಕ್ಕೆ ಔಷಧದಂಗಡಿಯಲ್ಲೇ ಉದಾಹರಣೆಯಿದೆ. ಆಯುರ್ವೇದದ ‘ರಾಸ್ನಾ’ ನಮ್ಮ ಕಡೆ ಶುಂಠಿಯ ಬಳಗದ ದುಂಪರಾಸ್ಮೆಯ ಗೆಡ್ಡೆ. ಬಂಗಾಳದಲ್ಲಿ ರಾಸ್ನಾ ಎಂದು ಬಳಸುವುದು ವಾಂಡಾ ಸೀತಾಳೆಯ ಬೇರು. ಒಂದನ್ನು ತೋಟದಲ್ಲಿ ಬೆಳೆಯಬಹುದು. ಇನ್ನೊಂದನ್ನು ಕಾಡಿನ ಮರದಿಂದ ಕೀಳುತ್ತಾರೆ.

ಕಾಡುಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ಹತೋಟಿಯಲ್ಲಿಡಲು 1973ರಲ್ಲಿ ಆದ ಒಪ್ಪಂದಕ್ಕೆ ಭಾರತ 1976ರಲ್ಲಿ ಸೇರಿತು. ಅದರ ಪಟ್ಟಿಯಲ್ಲಿ ಆರ್ಕಿಡ್‌ಗಳನ್ನು ಒಂದೊಂದಾಗಿ ಹೆಸರಿಸುವ ಗೋಜಿಗೆ ಹೋಗದೆ ಇಡೀ ಕುಟುಂಬವನ್ನೇ ಸೇರಿಸಲಾಗಿದೆ. ಕಾರಣ ಸರಳ. ಹೂವಿದ್ದಾಗಲಷ್ಟೇ ಈ ಗಿಡಗಳ ಗುರುತು ಸುಲಭ. ಕಾಟನಿಯಾ ಕೂಡ ವರ್ಷದ ಹೆಚ್ಚಿನ ತಿಂಗಳು ತನ್ನ ಜೇನನ್ನು ಬಚ್ಚಿಟ್ಟುಕೊಂಡು ಬರೀ ಪಟ್ಟಿಯಂಥ ಎಲೆಗಳ ಒಂದು ಕಟ್ಟಾಗಿ ಕೊಂಬೆಯ ಮೇಲಿರುತ್ತದೆ. ಆಗ ಅದನ್ನು ನೋಡಿದ ಯಾರೂ ಬದನಿಕೆಯೆಂದೇ ಅಂದಾರು.