ಪೊಂಟಿಯಾನಕ್: ಬೆಚ್ಚಿದವರೆಷ್ಟು, ಮರುಗಿದವರೆಷ್ಟು!

ರಾತ್ರಿಯ ಹೊತ್ತು ಬಾಳೆಯ ಗಿಡಗಳ ನಡುವಿನಿಂದ ಎಳೆಗೂಸಿನ ಅಳು ಕೇಳಿಬಂದರೆ, ಹೂವೇ ಇಲ್ಲದೆಡೆ ಹೂವಿನ ಪರಿಮಳ ತೇಲಿಬಂದರೆ, ಅಲ್ಲಿ ನಿಲ್ಲಬಾರದೆಂಬುದು ಮಲಯದ ಹಳ್ಳಿಗಳಲ್ಲಿ ಹಿರಿಯರು ಕಿರಿಯರಿಗೆ ಹೇಳುತ್ತ ಬಂದ ಎಚ್ಚರಿಕೆಯ ಮಾತು. ಹತ್ತಿರದಲ್ಲೆಲ್ಲೋ ಪೊಂಟಿಯಾನಕ್ ಇದ್ದಾಳೆಂಬುದಕ್ಕೆ ಅವೇ ಸೂಚನೆಗಳು. ಹೆರಿಗೆಯ ಸಂಕಟದಲ್ಲಿ ಅಸುನೀಗಿದ ಹೆಂಗಸು ಬಿಳಿಯುಡುಪು ಧರಿಸಿ, ತಲೆಗೂದಲು ಕೆದರಿಕೊಂಡು, ರಕ್ತದಾಹದಿಂದ ಅಲೆಯುವಳೆಂದು ಆ ನಾಡಿನ ನಂಬಿಕೆ. ಅವಳ ಕತ್ತಿನ ಹಿಂಬದಿಗೆ ಮೊಳೆಯೊಂದನ್ನು ಹೊಡೆದುಬಿಟ್ಟರೆ, ಆ ಪಿಶಾಚಿಯೇ ಚೆಲುವೆಯಾಗಿ ಮಾರ್ಪಟ್ಟು, ಗಂಡನ ಮನೆಯಲ್ಲಿ ಸಾಧುವಾದ ಗೃಹಿಣಿಯಂತೆ ಬಾಳುವಳಂತೆ! ಮೊಳೆ ಕಿತ್ತ ದಿನ ಮತ್ತೆ ಹಿಂದಿನ ರೂಪ.

ಅಜ್ಜಿಯರ ಕಥೆಯಲ್ಲಿ ಬಾಳಿಕೊಂಡಿದ್ದ ಈ ಹೆಣ್ಣನ್ನು ಮನೆಮನೆಯ ಮಾತಾಗಿಸಿದುದು ೧೯೫೭ರಲ್ಲಿ ಸಿಂಗಪುರದ ಕ್ಯಾಥೇ-ಕೆರಿಸ್ ಸಂಸ್ಥೆ ತಯಾರಿಸಿದ ‘ಪೊಂಟಿಯಾನಕ್’ ಎಂಬ ಚಿತ್ರ. ಅಲ್ಲಿಂದೀಚೆಗೆ ಅವಳು ಎಷ್ಟೋ ಬಾರಿ ತೆರೆಯ ಮೇಲೆ ಬಂದಿದ್ದಾಳೆ. ಬಂದಾಗಲೆಲ್ಲ ಪ್ರೇಕ್ಷಕರಲ್ಲಿ ಅದೇ ವಾದ ಎದ್ದಿದೆ: ಇವಳನ್ನು ಕಂಡು ಹೆದರಬೇಕೆ, ಇವಳಿಗಾಗಿ ಮರುಗಬೇಕೆ?

ಕುರೂಪಿಯ ವೇಷದಲ್ಲಿ ಚೆಲುವೆ

ಮೊದಲ ಚಿತ್ರದ ನಿರ್ದೇಶಕರು ಭಾರತದಿಂದ ಹೋಗಿ ಸಿಂಗಪುರದಲ್ಲಿ ಮಲಯ ಭಾಷೆಯ ಚಿತ್ರಗಳನ್ನು ತೆಗೆಯುತ್ತಿದ್ದ ಬಿ. ಎನ್. ರಾವ್. ಕಥೆ ಬರೆದವರು ಅಬ್ದುಲ್ ರಜಾಕ್. ನಾಯಕಿ ಮರಿಯಾ ಮೆನಾಡೋ ಆ ಕಾಲದ ಮಲಯ ಚಿತ್ರರಂಗದಲ್ಲಿ ರೂಪಕ್ಕೆ ಹೆಸರಾಗಿದ್ದ ತಾರೆ. ಅಂಥವಳ ಬೆನ್ನಿಗೆ ಗೂನು ಅಂಟಿಸಿ, ಮುಖವನ್ನು ವಿಕಾರಗೊಳಿಸಿ ತೆರೆಗೆ ತಂದುದೇ ಆಗ ದೊಡ್ಡ ಸಾಹಸ.

ಕಥೆಯ ಹುಡುಗಿಯ ಹೆಸರು ಚೋಮೆಲ್. ಮಲಯ ಭಾಷೆಯಲ್ಲಿ ಮುದ್ದಾದವಳು ಎಂದರ್ಥ. ಆದರೆ ಅವಳು ಹುಟ್ಟು ಕುರೂಪಿ. ಸಾಕಿದ ಮುದುಕನು ಕಾಲವಾದ ಬಳಿಕ, ರೂಪ ತರುವ ಮದ್ದಿನ ಗುಟ್ಟು ಅವಳ ಕೈಗೆ ಸಿಗುತ್ತದೆ. ಹುಣ್ಣಿಮೆಯ ಬೆಳಕಿನಲ್ಲಿ ಅದನ್ನು ಕುಡಿದು ಅವಳು ಅಪ್ರತಿಮ ಸುಂದರಿಯಾಗುತ್ತಾಳೆ. ಒಂದೇ ನಿಬಂಧನೆ: ರಕ್ತದ ರುಚಿ ನಾಲಿಗೆಗೆ ತಾಗಕೂಡದು. ಮದುವೆಯಾಗುತ್ತದೆ, ಸಂಸಾರ ಸುಖವಾಗಿ ಸಾಗುತ್ತದೆ. ಒಂದು ದಿನ ಗಂಡನಿಗೆ ಹಾವು ಕಚ್ಚುತ್ತದೆ. ವಿಷವನ್ನು ಹೀರಿ ತೆಗೆದು ಗಂಡನ ಪ್ರಾಣವುಳಿಸಲು ಹೋದವಳ ನಾಲಿಗೆಗೆ ರಕ್ತ ತಾಗುತ್ತದೆ. ಆ ಕ್ಷಣದಿಂದ ಅವಳು ಪೊಂಟಿಯಾನಕ್!

೧೯೫೭ರ ಏಪ್ರಿಲ್‌ನಲ್ಲಿ ತೆರೆಕಂಡ ಈ ಚಿತ್ರ ವಾರಗಟ್ಟಲೆ ಓಡಿತು. ಮಲಯರಷ್ಟೇ ಅಲ್ಲ, ಚೀನೀಯರೂ ಭಾರತೀಯರೂ ಚಿತ್ರಮಂದಿರಗಳಿಗೆ ನುಗ್ಗಿದರು. ಕ್ಯಾಂಟನೀಸ್ ಭಾಷೆಗೂ ಅದು ಡಬ್ ಆಯಿತು. ಬಂದವರೆಲ್ಲರೂ ಒಂದೇ ರುಚಿಯನ್ನು ಅರಸಿ ಬಂದವರಲ್ಲ. ಬೆಚ್ಚಿಬೀಳಬೇಕೆಂದು ಬಂದವರಿಗೆ ರೂಪಾಂತರದ ದೃಶ್ಯಗಳಿದ್ದವು. ನಗಲು ಬಂದವರಿಗೆ ಸಾತೇ ಮಾರುವವನ ಪಾತ್ರವಿತ್ತು. ಕೆಂಡದ ಮೇಲೆ ಸುಟ್ಟ ಮಾಂಸದ ಕಡ್ಡಿಗಳನ್ನು ಮಾರುವ ಆ ಪಾತ್ರ ಎಷ್ಟು ಜನಪ್ರಿಯವಾಯಿತೆಂದರೆ, ನಟನಿಗೆ ಜೀವಮಾನವಿಡೀ ವಾಹಿದ್ ಸಾತೇ ಎಂಬ ಹೆಸರೇ ನಿಂತುಬಿಟ್ಟಿತು. ಮರುಗಲು ಬಂದವರಿಗೆ ಚೋಮೆಲ್ ಇದ್ದಳು. ಅವಳು ಮಾಡಿದ ತಪ್ಪಾದರೂ ಏನು? ಚೆಲುವನ್ನು ಬಯಸಿದುದೆ? ಗಂಡನನ್ನು ಉಳಿಸಲು ಹೋದುದೆ?

ಗಲ್ಲಾಪೆಟ್ಟಿಗೆ ತುಂಬಿದ ಮೇಲೆ ಕೇಳಬೇಕೆ! ಅದೇ ವರ್ಷ ‘ದೆಂಡಾಮ್ ಪೊಂಟಿಯಾನಕ್’, ೧೯೫೮ರಲ್ಲಿ ‘ಸುಂಪಾ ಪೊಂಟಿಯಾನಕ್’ ಹೊರಬಂದವು. ಪ್ರತಿಸ್ಪರ್ಧಿಗಳಾದ ಷಾ ಸೋದರರ ಸಂಸ್ಥೆಯೂ ಸುಮ್ಮನಿರದೆ, ೧೯೫೮ರಲ್ಲಿಯೇ ‘ಅನಕ್ ಪೊಂಟಿಯಾನಕ್’ ಎಂಬ ಚಿತ್ರವನ್ನು ಕಣಕ್ಕಿಳಿಸಿತು.

ದೆವ್ವ ಬೇಡವೆಂದವರು

ಮುಂದೆ ಗಾಳಿ ಬದಲಾಯಿತು. ೧೯೭೦ರ ದಶಕದ ನಂತರ ಮಲೇಷ್ಯದಲ್ಲಿ ಭೂತಪ್ರೇತಗಳ ಚಿತ್ರಗಳಿಗೆ ದಾರಿ ಕಿರಿದಾಯಿತು. ಇಂಥ ಚಿತ್ರಗಳು ಮೂಢನಂಬಿಕೆಯನ್ನು ಬೆಳೆಸುತ್ತವೆ, ಧರ್ಮಶ್ರದ್ಧೆಗೆ ಕುಂದು ತರುತ್ತವೆ ಎಂಬ ಆಕ್ಷೇಪಣೆ ಬಲವಾಗಿತ್ತು. ವಿಜ್ಞಾನದ ಯುಗದಲ್ಲಿ ಮಕ್ಕಳ ತಲೆಗೆ ದೆವ್ವವನ್ನು ತುಂಬುವುದೇಕೆ ಎಂದು ಕೇಳಿದವರೂ ಇದ್ದರು. ಈ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ಅಜ್ಜಿ ಹೇಳುವ ಕಥೆಯನ್ನು ಯಾವ ಸೆನ್ಸಾರ್ ಮಂಡಳಿ ತಡೆದೀತು? ತೆರೆಯಿಂದ ಮರೆಯಾದರೂ ಪೊಂಟಿಯಾನಕ್ ಜನರ ನಾಲಿಗೆಯಿಂದ ಮರೆಯಾಗಲಿಲ್ಲ.

ಸುಮಾರು ಮೂರು ದಶಕಗಳ ಅನಂತರ, ೨೦೦೪ರಲ್ಲಿ, ಅವಳನ್ನು ಮತ್ತೆ ಕರೆತಂದವರು ಶುಹೈಮಿ ಬಾಬಾ ಎಂಬ ಮಹಿಳಾ ನಿರ್ದೇಶಕಿ. ಚಿತ್ರದ ಹೆಸರು ‘ಪೊಂಟಿಯಾನಕ್ ಹರುಮ್ ಸುಂದಲ್ ಮಲಮ್’. ‘ಸುಂದಲ್ ಮಲಮ್’ ಎಂದರೆ ನಾವು ಸುಗಂಧರಾಜವೆನ್ನುವ ಹೂವು. ಅಕ್ಷರಶಃ ಅರ್ಥ ಹೇಳುವುದಾದರೆ ‘ರಾತ್ರಿಯ ವೇಶ್ಯೆ’! ಇರುಳಿನಲ್ಲಿ ಪರಿಮಳ ಬೀರಿದ ತಪ್ಪಿಗೆ ಹೂವಿಗೂ ಇಂಥ ಹೆಸರು ಕಟ್ಟಿಬಿಟ್ಟಿದ್ದಾರೆ.

ಮಾಯಾ ಕರೀನ್ ಅಭಿನಯಿಸಿದ ಮೆರಿಯಮ್, ಗಾಮೆಲಾನ್ ವಾದ್ಯವೃಂದದೊಡನೆ ಕುಣಿಯುವ ಪ್ರಖ್ಯಾತ ನರ್ತಕಿ. ಒಲಿದವನನ್ನು ವರಿಸುತ್ತಾಳೆ. ಒಲಿಸಿಕೊಳ್ಳಲಾರದೆ ಹೋದವನ ದ್ವೇಷಕ್ಕೆ, ಗರ್ಭಿಣಿಯಾಗಿರುವಾಗಲೇ ಬಲಿಯಾಗುತ್ತಾಳೆ. ಸೇಡು ಮುಂದಿನ ಪೀಳಿಗೆಯವರೆಗೂ ಹರಿಯುತ್ತದೆ.

ಚಿತ್ರ ಗೆದ್ದಿತು; ಅಭಿಪ್ರಾಯ ಮಾತ್ರ ಇಬ್ಭಾಗವಾಯಿತು. ಕಾಲದಿಂದ ಕಾಲಕ್ಕೆ ನೆಗೆಯುವ ಕಥೆ ತಲೆಗೆ ಹತ್ತದೆಂದೂ, ನೃತ್ಯ, ಸಂಗೀತ, ಪ್ರಣಯಗಳ ಭಾರದಲ್ಲಿ ಭಯವೇ ತೆಳುವಾಯಿತೆಂದೂ ಕೆಲವರು ದೂರಿದರು. ಬೆಚ್ಚಿಬೀಳಿಸದ ಪಿಶಾಚಿ ಯಾವ ಪಿಶಾಚಿ ಎಂಬುದು ಅವರ ವಾದ. ದೃಶ್ಯಗಳ ಸೊಬಗನ್ನೂ ಮಾಯಾ ಕರೀನಳ ಅಭಿನಯವನ್ನೂ ಮೆಚ್ಚಿದವರ ಎಣಿಕೆಯೇ ಬೇರೆ: ಮೆರಿಯಮ್ ಬದುಕಿದ್ದಾಗಿನ ಸುಖವನ್ನು ಕಣ್ಣಾರೆ ಕಂಡವರಿಗಲ್ಲದೆ ಅವಳ ಸೇಡಿನ ಕಾವು ಅರ್ಥವಾಗದು. ಈ ಎರಡನೆಯ ಮಾತೇ ಹೆಚ್ಚು ತೂಕದ್ದು. ಹಠಾತ್ತನೆ ಎದುರಾದ ಮುಖಕ್ಕೆ ಬೆಚ್ಚಿದವನು ಚಿತ್ರಮಂದಿರದ ಬಾಗಿಲಲ್ಲೇ ಅದನ್ನು ಮರೆಯುತ್ತಾನೆ. ಅನ್ಯಾಯವನ್ನು ಕಂಡವನು ಮನೆಯವರೆಗೂ ಅದನ್ನು ಹೊತ್ತೊಯ್ಯುತ್ತಾನೆ.

ಗ್ಲೆನ್ ಗೋಯಿ ಮತ್ತು ಗ್ಯಾವಿನ್ ಯಾಪ್ ೨೦೧೯ರಲ್ಲಿ ತೆರೆಗೆ ತಂದ ‘ದೆಂಡಾಮ್ ಪೊಂಟಿಯಾನಕ್’ ಈ ಜಾಡನ್ನೇ ಹಿಡಿಯಿತು. ೧೯೬೫ರ ಹಳ್ಳಿಯೊಂದರ ಮದುವೆ ಮನೆ. ವರನು ಹಿಂದೆ ಎಸಗಿದ್ದ ಪಾಪವೇ ಪಿಶಾಚಿಯ ರೂಪದಲ್ಲಿ ಬಾಗಿಲಿಗೆ ಬರುತ್ತದೆ. ಭಯ ಸಾಲದೆಂಬ ಹಳೆಯ ದೂರು ಇಲ್ಲಿಯೂ ಕೇಳಿಬಂದಿತು. ಅಷ್ಟರಲ್ಲಿ ಪ್ರಶ್ನೆ ಮಾತ್ರ ಬೆಳೆದಿತ್ತು. ಪಿಶಾಚಿಯನ್ನು ಅಡಗಿಸುವುದು ಹೇಗೆಂಬುದಕ್ಕಿಂತ, ಅವಳನ್ನು ಪಿಶಾಚಿಯಾಗಿಸಿದವರು ಯಾರೆಂಬುದೇ ಮುಂದಾಗಿತ್ತು.

ಕಾಣದ ಚಿತ್ರ

ಇಷ್ಟೆಲ್ಲಕ್ಕೂ ತಾಯಿಬೇರಾದ ೧೯೫೭ರ ಚಿತ್ರದೊಡನೆ ಇವನ್ನು ಹೋಲಿಸಿ ನೋಡೋಣವೆಂದರೆ, ಅದು ಇಂದು ಲಭ್ಯವಿಲ್ಲ. ಮೊದಲೆರಡು ಚಿತ್ರಗಳ ಪ್ರತಿಗಳು ನಷ್ಟವಾಗಿವೆ. ಮೂರನೆಯ ‘ಸುಂಪಾ ಪೊಂಟಿಯಾನಕ್’ ಮಾತ್ರ ಉಳಿದಿದೆ. ಸಂಸ್ಥೆಯ ಪಾಲುದಾರರಲ್ಲೊಬ್ಬರಾಗಿದ್ದ ಹೋ ಆ ಲೋಕ್ ಅವರೇ ಸುರುಳಿಗಳನ್ನು ಗಣಿಯ ಹೊಂಡವೊಂದಕ್ಕೆ ಎಸೆದರೆಂಬ ಮಾತು ಚಿತ್ರರಂಗದಲ್ಲಿ ಬಹುಕಾಲದಿಂದ ಪ್ರಚಲಿತವಾಗಿದೆ.

ಆದುದರಿಂದ ಮೊದಲ ಪೊಂಟಿಯಾನಕ್ ನಿಜಕ್ಕೂ ಎಷ್ಟು ಭಯಂಕರಳಾಗಿದ್ದಳೆಂಬುದಕ್ಕೆ ಅಂದು ನೋಡಿದವರ ನೆನಪೇ ಮುಖ್ಯ ಸಾಕ್ಷಿ. ಆ ಸಾಕ್ಷಿಗಳೂ ವರ್ಷದಿಂದ ವರ್ಷಕ್ಕೆ ಕಡಮೆಯಾಗುತ್ತಿದ್ದಾರೆ. ಹೆದರಿ ಕಣ್ಣು ಮುಚ್ಚಿಕೊಂಡಿದ್ದ ಬಾಲಕನಿಗೆ ನೆನಪಿರುವ ಚಿತ್ರ ಒಂದು, ಚೋಮೆಲ್‌ಗಾಗಿ ಕಣ್ಣೊರೆಸಿಕೊಂಡ ಅವನ ತಾಯಿ ನೆನಪಿಟ್ಟುಕೊಂಡ ಚಿತ್ರ ಇನ್ನೊಂದು. ಇಬ್ಬರೂ ಕುಳಿತಿದ್ದುದು ಅಕ್ಕಪಕ್ಕದ ಕುರ್ಚಿಗಳಲ್ಲಿ. ನೋಡಿದುದು ಒಂದೇ ಪರದೆಯನ್ನು. ಯಾರು ಕಂಡದ್ದು ಸರಿಯೆಂದು ತೀರ್ಮಾನಿಸಲು, ಎಲ್ಲಾದರೊಂದು ಮೂಲೆಯಲ್ಲಿ ಆ ಸುರುಳಿಗಳು ಮತ್ತೆ ದೊರೆಯಬೇಕು.