ಚೇಂಜ್‌ಓವರ್ ಸ್ವಿಚ್ ಕಿತ್ತವರು ಯಾರು?

ಬೈಲಹೊಂಗಲದ ಪೇಟೆಯಲ್ಲಾಗಲಿ ರಾಮದುರ್ಗದ ಬಜಾರಿನಲ್ಲಾಗಲಿ, ಜನರೇಟರ್ ಇಟ್ಟುಕೊಂಡ ಅಂಗಡಿಯ ಒಳಗೋಡೆ ನೋಡಿದರೆ ಮೀಟರಿನ ಪಕ್ಕ ದಪ್ಪ ಹಿಡಿಕೆಯ ಕಬ್ಬಿಣದ ಪೆಟ್ಟಿಗೆಯೊಂದು ಇರುತ್ತದೆ. ಅದೇ ಚೇಂಜ್‌ಓವರ್ ಸ್ವಿಚ್. ಹಿಡಿಕೆ ಒಂದು ಕಡೆ ಇದ್ದರೆ ಹೆಸ್ಕಾಂ ಕರೆಂಟು, ಇನ್ನೊಂದು ಕಡೆ ಹೊರಳಿಸಿದರೆ ಜನರೇಟರ್. ಯಾವುದು ಯಾವಾಗ ಬೇಕೆಂಬುದು ಗಲ್ಲೆಯ ಮೇಲೆ ಕೂತವರ ಕೈಯಲ್ಲಿ. ಲ್ಯಾಪ್‌ಟಾಪಿಗೂ ಒಂದು ಕಾಲದಲ್ಲಿ ಇಂಥದೇ ಗುಂಡಿ ಇತ್ತು. 2006ರಲ್ಲಿ ಬಂದ ಸೋನಿ ವಯೋ ಎಸ್‌ಜೆಡ್ ಮಾಲಿಕೆಯಲ್ಲಿ ಎರಡು ಗ್ರಾಫಿಕ್ಸ್ ಚಿಪ್‌ಗಳಿದ್ದವು: ಬ್ಯಾಟರಿ ಉಳಿಸಲು ಇಂಟೆಲ್, ಬಿರುಸಿನ ಕೆಲಸಕ್ಕೆ ಎನ್‌ವಿಡಿಯಾ. ಕೀಬೋರ್ಡಿನ ಮೇಲ್ಗಡೆ ಜಾರುಗುಂಡಿ, ಒಂದು ತುದಿಗೆ ‘ಸ್ಟ್ಯಾಮಿನಾ’, ಇನ್ನೊಂದು ತುದಿಗೆ ‘ಸ್ಪೀಡ್’. ಸರಿಸಿದ ಮೇಲೆ ಯಂತ್ರವನ್ನು ರೀಸ್ಟಾರ್ಟ್ ಮಾಡಬೇಕಿತ್ತು, ಅದೊಂದೇ ಕಿರಿಕಿರಿ. ಆ ಗುಂಡಿ ಮುಂದೆ ಮಾಯವಾಯಿತು. ಲಿನಕ್ಸ್ ಹಾಕಿದ ಲ್ಯಾಪ್‌ಟಾಪಿನ ಪರದೆ ಕಪ್ಪಾದಾಗಲೆಲ್ಲ ‘ಲಿನಕ್ಸ್ ಸರಿ ಇಲ್ಲರೀ, ಫಾರ್ಮ್ಯಾಟ್ ಹೊಡದು ವಿಂಡೋಸ್ ಹಾಕೋಣು’ ಎನ್ನುವ ರಿಪೇರಿ ಅಂಗಡಿಯ ತೀರ್ಪು ಹುಟ್ಟಿದ್ದು ಗುಂಡಿ ಮಾಯವಾದ ಮೇಲೆಯೇ. ಆ ತೀರ್ಪು ತಪ್ಪು. ತಂತ್ರದ ದಾರಿ ಕೆಲವೇ ವಾರಗಳಲ್ಲಿ ಗೊತ್ತಾಗಿತ್ತು, ಮುಂದಿನ ವರ್ಷಗಳಲ್ಲಿ ಬಹಳಷ್ಟನ್ನು ತಿಂದದ್ದು ಜಗಳ.

ಎನ್‌ವಿಡಿಯಾ 2010ರ ಫೆಬ್ರವರಿಯಲ್ಲಿ ‘ಆಪ್ಟಿಮಸ್’ ಎಂಬ ವ್ಯವಸ್ಥೆಯನ್ನು ಹೊರತಂದಿತು. ಅದರಲ್ಲಿ ಸ್ವಿಚ್ಚಿಲ್ಲ, ರೀಸ್ಟಾರ್ಟ್ ಇಲ್ಲ. ಪರದೆಯ ತಂತಿ ಹೋಗುವುದು ಇಂಟೆಲ್ ಚಿಪ್ಪಿಗೆ ಮಾತ್ರ. ಎನ್‌ವಿಡಿಯಾ ಚಿಪ್ ಚಿತ್ರ ಬರೆದು ಇಂಟೆಲ್ ಪಾಲಿನ ಮೆಮೊರಿಗೆ ದಾಟಿಸುತ್ತದೆ, ಇಂಟೆಲ್ ಅದನ್ನು ಪರದೆಗೆ ತರುತ್ತದೆ. ಚೇಂಜ್‌ಓವರ್ ಕಿತ್ತು ಹಾಕಿ, ಜನರೇಟರಿನ ಕರೆಂಟನ್ನೂ ಹೆಸ್ಕಾಂ ಮೀಟರಿನ ಮೂಲಕವೇ ಹಾಯಿಸಿದಂತೆ. ಕೆಲಸವಿಲ್ಲದಾಗ ಎನ್‌ವಿಡಿಯಾ ಚಿಪ್ ಪೂರ್ತಿ ಆರಿ ಮಲಗುತ್ತದೆ, ಬ್ಯಾಟರಿ ಉಳಿಯುತ್ತದೆ. ಜಾಣ ವಿನ್ಯಾಸ, ಅನುಮಾನವಿಲ್ಲ. ಆದರೆ ಯಾವಾಗ ಎಬ್ಬಿಸಬೇಕು, ಚಿತ್ರವನ್ನು ಹೇಗೆ ದಾಟಿಸಬೇಕು ಎಂಬ ಯಜಮಾನಿಕೆ ಗುಂಡಿಯಿಂದ ಡ್ರೈವರಿಗೆ ಹೋಯಿತು, ಆ ಡ್ರೈವರ್ ಬಂದದ್ದು ವಿಂಡೋಸಿಗೆ ಮಾತ್ರ. ಲಿನಕ್ಸ್‌ನಲ್ಲಿ ‘ಎಲ್ಎಸ್‌ಪಿಸಿಐ’ ಎಂದು ಟೈಪಿಸಿದರೆ ಇಂಥ ಯಂತ್ರ ತನ್ನ ಕಥೆಯನ್ನು ತಾನೇ ಹೇಳುತ್ತದೆ. ಇಂಟೆಲ್ ಹೆಸರಿನ ಹಿಂದೆ ‘ವಿಜಿಎ ಕಂಟ್ರೋಲರ್’ ಎಂದಿದ್ದರೆ, ಎನ್‌ವಿಡಿಯಾ ಹೆಸರಿನ ಹಿಂದೆ ಸಾಮಾನ್ಯವಾಗಿ ಬರೀ ‘3ಡಿ ಕಂಟ್ರೋಲರ್’ ಎಂದಿರುತ್ತದೆ. ಲೆಕ್ಕ ಮಾಡಬಲ್ಲೆ, ತೋರಿಸಲಾರೆ ಎಂದು ಅದರರ್ಥ. ಅಂಥ ಚಿಪ್ಪಿಗೆ ಪರದೆಯ ಹೊಣೆ ಹೊರಿಸಿ ಸೆಟ್ಟಿಂಗ್ ಬರೆದರೆ ಪರದೆ ಕಪ್ಪಾಗದೆ ಇನ್ನೇನಾದೀತು? ಕೆಲವು ಮಾದರಿಗಳಲ್ಲಿ ಒಳಪರದೆ ಇಂಟೆಲ್‌ಗೆ, ಎಚ್‌ಡಿಎಂಐ ಕಿಂಡಿ ಎನ್‌ವಿಡಿಯಾಗೆ. ಪ್ರಾಜೆಕ್ಟ್ ಸೆಮಿನಾರಿನ ದಿನ ಪ್ರೊಜೆಕ್ಟರ್ ಮಾತ್ರ ಮುಷ್ಕರ ಹೂಡುವುದು ಈ ಕಾರಣಕ್ಕೆ.

ಕಿತ್ತೂರು, ಸವದತ್ತಿ ಕಡೆಯ ಹುಡುಗ ಹುಡುಗಿಯರಿಗೆ ಇದು ದೂರದ ಸಂಗತಿಯೇನಲ್ಲ. 1998ರಲ್ಲಿ ಹುಟ್ಟಿ ಬೆಳಗಾವಿಯಲ್ಲಿ ನೆಲೆಸಿದ ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯು, ಕಂಪ್ಯೂಟರ್ ಸೈನ್ಸ್‌ನ ಆರನೇ ಸೆಮಿಸ್ಟರಿಗೆ ಗ್ರಾಫಿಕ್ಸ್ ಲ್ಯಾಬ್ ಇಟ್ಟಿತ್ತು. ಅದರಲ್ಲೊಂದು ಪ್ರೋಗ್ರಾಂ: ಓಪನ್‌ಜಿಎಲ್ ಬಳಸಿ, ಮೇಜಿನ ಮೇಲಿಟ್ಟ ಟೀಪಾಟಿನ ಚಿತ್ರವನ್ನು ನೆರಳು ಬೆಳಕಿನ ಸಮೇತ ಬರೆಯುವುದು. ಇಷ್ಟು ಸಣ್ಣ ಟೀಪಾಟಿಗೆ ಎನ್‌ವಿಡಿಯಾ ಬೇಕಾಗಿಯೇ ಇಲ್ಲ, ಇಂಟೆಲ್ ಧಾರಾಳ ಸಾಕು. ಆದರೂ ಎನ್‌ವಿಡಿಯಾ ಡ್ರೈವರ್ ಹಾಕಿದ ಮೇಲೆ ಟೀಪಾಟ್ ಬರುತ್ತಿರಲಿಲ್ಲ. ಓಪನ್‌ಜಿಎಲ್ ಪ್ರೋಗ್ರಾಂಗಳೆಲ್ಲ ಹುಡುಕುವುದು ‘ಲಿಬ್‌ಜಿಎಲ್’ ಎಂಬ ಒಂದೇ ಕಡತವನ್ನು. ಇಂಟೆಲ್ ಪರವಾಗಿ ‘ಮೆಸಾ’ ಎಂಬ ಮುಕ್ತ ತಂತ್ರಾಂಶ ಆ ಹೆಸರಿನ ಕಡತ ಇಡುತ್ತಿತ್ತು, ಎನ್‌ವಿಡಿಯಾ ಇನ್‌ಸ್ಟಾಲರ್ ಬಂದು ಅದರ ಮೇಲೆ ತನ್ನದನ್ನು ಕೂರಿಸುತ್ತಿತ್ತು. ಒಂದೇ ಸರ್ವೆ ನಂಬರಿಗೆ ಇಬ್ಬರು ಉತಾರ ತಂದು ನಿಂತಂತೆ. ಈ ಖಾತೆ ತಕರಾರು ತೀರಿದ್ದು, ಇಬ್ಬರಿಗೂ ಜಾಗ ಬಿಡುವ ‘ಲಿಬ್‌ಜಿಎಲ್‌ವಿಎನ್‌ಡಿ’ 2016ರ ಹೊತ್ತಿಗೆ ಬಳಕೆಗೆ ಬಂದಾಗ. ಅದನ್ನು ಮುಂದೆ ನಿಂತು ಮಾಡಿದ್ದು ಎನ್‌ವಿಡಿಯಾದವರೇ. ಆ ಪುಣ್ಯ ಅವರ ಲೆಕ್ಕಕ್ಕೇ ಸೇರಲಿ.

ನಡುವಿನ ವರ್ಷಗಳನ್ನು ದಾಟಿಸಿದ್ದು ‘ಬಂಬಲ್‌ಬೀ’. ಟ್ರಾನ್ಸ್‌ಫಾರ್ಮರ್ಸ್ ಕಥೆಯಲ್ಲಿ ನಾಯಕ ಆಪ್ಟಿಮಸ್ ಪ್ರೈಮ್, ಅವನ ಹಳದಿ ಬಣ್ಣದ ಬಂಟ ಬಂಬಲ್‌ಬೀ. 2011ರಲ್ಲಿ ಹವ್ಯಾಸಿಗಳು ಕಟ್ಟಿದ ಈ ಉಪಾಯ ಕೇಳಲು ಹುಚ್ಚಾಟದಂತಿದೆ. ಕಣ್ಣಿಗೆ ಕಾಣದ ಎರಡನೆಯ ಪರದೆಯೊಂದನ್ನು ಎನ್‌ವಿಡಿಯಾ ಮೇಲೆ ಓಡಿಸುವುದು, ಅದಕ್ಕೆ ಎಂಟನೇ ನಂಬರು ಕೊಡುವುದು, ಅಲ್ಲಿ ಮೂಡಿದ ಪ್ರತಿ ಚಿತ್ರವನ್ನೂ ನಕಲು ಹೊಡೆದು ಇಂಟೆಲ್ ಪರದೆಗೆ ಹೊತ್ತು ತರುವುದು. ‘ಆಪ್ಟಿರನ್’ ಎಂದು ಟೈಪಿಸಿ ಮುಂದೆ ‘ಜಿಎಲ್‌ಎಕ್ಸ್‌ಗಿಯರ್ಸ್’ ಸೇರಿಸಿದರೆ ಕೆಂಪು, ಹಸಿರು, ನೀಲಿ ಹಲ್ಲುಚಕ್ರ ಮೂರು ಒಂದಕ್ಕೊಂದು ಕಚ್ಚಿ ತಿರುಗುತ್ತಿದ್ದವು. ಅಷ್ಟಾದರೆ ಗೆದ್ದಂತೆ. ಈ ಬಂಬಲ್‌ಬೀಯ ಇನ್‌ಸ್ಟಾಲ್ ಕಡತದಲ್ಲಿಯೇ ಆ ಹೆಸರಾಂತ ಅನಾಹುತ ನಡೆದದ್ದು. ಉಬುಂಟುವಿನಲ್ಲಿ ‘ಯುಎಸ್‌ಆರ್’ ಎಂಬ ದೊಡ್ಡ ಫೋಲ್ಡರಿನೊಳಗೆ, ‘ಲಿಬ್’ ದಾಟಿ, ಎನ್‌ವಿಡಿಯಾ ಡ್ರೈವರಿಗೆ ಸೇರಿದ ಒಂದು ಸಣ್ಣ ಮೂಲೆಯನ್ನು ಅಳಿಸಬೇಕಿತ್ತು. ಬರೆದವರ ಬೆರಳು ‘ಯುಎಸ್‌ಆರ್’ ಆದ ಮೇಲೆ ಸ್ಪೇಸ್‌ಬಾರ್ ಒತ್ತಿಬಿಟ್ಟಿತು. ‘ಮನೆ ಹಿಂದಿನ ಗೋಡೆ ಕೆಡವು’ ಎಂಬ ಮಾತಿನಲ್ಲಿ ‘ಮನೆ’ ಆದ ಮೇಲೊಂದು ಅಲ್ಪವಿರಾಮ ಬಿದ್ದರೆ ಏನಾಗುತ್ತದೋ ಅದೇ ಆಯಿತು. ಕಂಪ್ಯೂಟರ್ ಮೊದಲು ಮನೆಯನ್ನೇ ಕೆಡವಿತು. ಯಂತ್ರದ ಬಹುಪಾಲು ಪ್ರೋಗ್ರಾಂಗಳೆಲ್ಲ ‘ಯುಎಸ್‌ಆರ್’ ಒಳಗೇ ಇರುವುದು. ಗ್ರಾಫಿಕ್ಸ್ ಸರಿಮಾಡಲು ಹೋದವರಿಗೆ ಯಂತ್ರವೇ ಇಲ್ಲವಾಯಿತು.

ಆ ಒಂದು ಸ್ಪೇಸಿನ ಮೇಲೆ ಪ್ರೋಗ್ರಾಮರುಗಳು ಇಂದಿಗೂ ನಗುತ್ತಾರೆ. ನಗು ಸಹಜವೇ, ಆದರೆ ಆ ನಗುವಿನಲ್ಲಿ ಕೇಳಬೇಕಾದ ಪ್ರಶ್ನೆ ಮುಚ್ಚಿಹೋಗಿದೆ. ಸಂಬಳವಿಲ್ಲದ ಹವ್ಯಾಸಿಯೊಬ್ಬ ಊರೂರ ಯಂತ್ರಗಳಲ್ಲಿ ಸರ್ವಾಧಿಕಾರ ಪಡೆದು ಇನ್ನೊಂದು ಕಂಪನಿಯ ಕಡತಗಳನ್ನು ಅಳಿಸುವ ಪ್ರಸಂಗ ಬಂದದ್ದಾದರೂ ಏಕೆ? ತಂತ್ರ ಗೊತ್ತಿರಲಿಲ್ಲವೆನ್ನುವಂತಿಲ್ಲ. ಆಪ್ಟಿಮಸ್ ಬಂದ ಮರುತಿಂಗಳೇ, 2010ರ ಮಾರ್ಚಿನಲ್ಲಿ, ರೆಡ್ ಹ್ಯಾಟ್‌ನ ಡೇವ್ ಏರ್ಲಿ ಒಂದು ಚಿಪ್ ಬರೆದ ಚಿತ್ರವನ್ನು ಇನ್ನೊಂದರ ಪರದೆಯಲ್ಲಿ ಲಿನಕ್ಸ್‌ನಲ್ಲೇ ತೋರಿಸಿ, ತಮಾಷೆಗೆ ಅದನ್ನು ‘ಪ್ರೈಮ್’ ಎಂದು ಕರೆದಿದ್ದರು. 2012ರ ಮಾರ್ಚಿನಲ್ಲಿ ಬಂದ ಲಿನಕ್ಸ್ ತಿರುಳು, ಅಂದರೆ ಕರ್ನಲ್ 3.3ರಲ್ಲಿ ಎರಡು ಸಾಧನಗಳು ಮೆಮೊರಿ ಹಂಚಿಕೊಳ್ಳುವ ‘ಡಿಎಂಎ-ಬಫ್’ ಸೇರಿತು. ಅದರ ಕಡತದ ತಲೆಯಲ್ಲಿ ಇರುವುದು ಸುಮಿತ್ ಸೇಮ್ವಾಲ್ ಎಂಬ ನಮ್ಮ ದೇಶದ ಎಂಜಿನಿಯರ್ ಹೆಸರು. ಆಪ್ಟಿಮಸ್‌ಗೆ ಬೇಕಾದ ಕಾಲುವೆ ತೋಡಿ ಸಿದ್ಧವಾಗಿತ್ತು. ತೂಬಿನ ಮೇಲೆ ಮಾತ್ರ ಒಂದು ಚೀಟಿ: ಕೋಡ್ ಬಿಚ್ಚಿಡಬೇಕೆನ್ನುವ ಜಿಪಿಎಲ್ ಪರವಾನಗಿಯ ಮಾಡ್ಯೂಲುಗಳಿಗೆ ಮಾತ್ರ. ಎನ್‌ವಿಡಿಯಾ ಡ್ರೈವರ್ ಮುಚ್ಚಿದ ಲಕೋಟೆ. ಆ ಜೂನಿನಲ್ಲಿ ಫಿನ್ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದಲ್ಲಿ, ಆಪ್ಟಿಮಸ್ ಲ್ಯಾಪ್‌ಟಾಪ್ ಕೊಂಡು ಸೋತ ಮಹಿಳೆಯೊಬ್ಬರು ಪ್ರಶ್ನೆ ಕೇಳಿದಾಗ, ಲಿನಕ್ಸ್ ಜನಕ ಲಿನಸ್ ಟೊರ್ವಾಲ್ಡ್ಸ್ ಕ್ಯಾಮರಾಗೆ ನಡುಬೆರಳು ತೋರಿಸಿ ಎನ್‌ವಿಡಿಯಾವನ್ನು ಬೈದರು. ಬೆರಳಿನ ಚಿತ್ರ ಲೋಕವೆಲ್ಲ ಸುತ್ತಿತು. ಕೇಳಿದವರ ಲ್ಯಾಪ್‌ಟಾಪ್ ಇದ್ದಲ್ಲೇ ಇತ್ತು. ಅಕ್ಟೋಬರಿನಲ್ಲಿ ಎನ್‌ವಿಡಿಯಾದ ರಾಬರ್ಟ್ ಮೊರೆಲ್ ಆ ಚೀಟಿ ತೆಗೆಯಿರೆಂದು ತಿದ್ದುಪಡಿ ಕಳಿಸಿದರು. ಕರ್ನಲ್‌ನ ಹಿರಿಯ ಅಲನ್ ಕಾಕ್ಸ್ ಒಪ್ಪಲಿಲ್ಲ: ನನ್ನ ಕೋಡೂ ಇದರಲ್ಲಿದೆ, ಇಂಥ ಬಳಕೆಗೆ ನಾನು ಅನುಮತಿ ಕೊಟ್ಟಿಲ್ಲ ಎಂಬುದು ಅವರ ವಾದ.

ಹಾಗಾದರೆ ಹಟ ಕರ್ನಲ್‌ನವರದೇ ಅಲ್ಲವೇ ಎಂದು ಕೇಳಬಹುದು. ಅರ್ಧ ಒಪ್ಪುತ್ತೇನೆ. ಚೀಟಿ ತೆಗೆದಿದ್ದರೆ ಬಹಳ ಜನರ ಪರದೆ ಬೇಗ ಬೆಳಗುತ್ತಿತ್ತು, ಏರ್ಲಿ ಅವರೇ ಸಡಿಲಿಕೆಯ ಕಡೆ ವಾಲಿದ್ದರು. ಆದರೆ ಕಾಲುವೆಯನ್ನು ತೋಡಿದವರ ಷರತ್ತು ಮೊದಲಿನಿಂದಲೂ ಬರಹದಲ್ಲಿತ್ತು. ಸ್ವಿಚ್ ಕಿತ್ತು ಮಾರಿದವರು ಎನ್‌ವಿಡಿಯಾ ಮತ್ತು ಲ್ಯಾಪ್‌ಟಾಪ್ ಕಂಪನಿಗಳು. ಇನ್ನು ಕೆಲವರು, ಬಡಿವಾರವೇಕೆ, ವಿಂಡೋಸ್ ಬಳಸಿದರಾಯಿತಲ್ಲ ಎನ್ನುತ್ತಾರೆ. ಇಂದು ಎನ್‌ವಿಡಿಯಾ ಚಿಪ್ ಕೊಳ್ಳುವ ವಿದ್ಯಾರ್ಥಿ ಆಟಕ್ಕಷ್ಟೇ ಕೊಳ್ಳುವುದಿಲ್ಲ, ಆ ಚಿಪ್ಪಿನಿಂದ ಲೆಕ್ಕ ಮಾಡಿಸುವ ಕುಡಾ ಕಲಿಯಲು, ಯಂತ್ರಕಲಿಕೆಯ ಪ್ರಾಜೆಕ್ಟ್ ಓಡಿಸಲು ಕೊಳ್ಳುತ್ತಾನೆ. ಅದೇ ಕಂಪನಿಯ ದುಬಾರಿ ಚಿಪ್‌ಗಳು ದೊಡ್ಡ ಡೇಟಾ ಸೆಂಟರುಗಳಲ್ಲಿ ಬಹುಪಾಲು ದುಡಿಯುವುದು ಲಿನಕ್ಸ್ ಮೇಲೆಯೇ. ಶ್ರೀಮಂತರ ಲಿನಕ್ಸಿಗೆ ಡ್ರೈವರ್ ಬರೆಯಬಲ್ಲವರಿಗೆ ಲ್ಯಾಪ್‌ಟಾಪಿನ ಲಿನಕ್ಸ್ ಕಷ್ಟವಾಯಿತೆಂದರೆ ನಂಬುವುದು ಹೇಗೆ?

ಮುಂದಿನದು ತುಸು ನೀರಸ. 2013ರ 319 ಡ್ರೈವರ್ ಇಡೀ ಪರದೆಯನ್ನು ಎನ್‌ವಿಡಿಯಾಕ್ಕೆ ಬರೆಯಲು ಬಿಟ್ಟಿತು, ಬದಲಿಸಬೇಕಾದಾಗಲೆಲ್ಲ ಲಾಗೌಟ್. ಸೋನಿಯ ರೀಸ್ಟಾರ್ಟ್‌ಗಿಂತ ಅದೇನು ಹೆಚ್ಚು? ಒಂದೊಂದು ಪ್ರೋಗ್ರಾಂ ಮಾತ್ರ ಎನ್‌ವಿಡಿಯಾ ಮೇಲೆ ಓಡಿಸುವ ಸೌಕರ್ಯವನ್ನು ಕಂಪನಿಯೇ ಕೊಟ್ಟದ್ದು 2019ರ ಆಗಸ್ಟಿನಲ್ಲಿ, 435 ಡ್ರೈವರಿನೊಂದಿಗೆ. ಏರ್ಲಿ ಮಾಡಿ ತೋರಿಸಿ ಒಂಬತ್ತು ವರ್ಷ ಕಳೆದಿದ್ದವು. 2022ರ ಮೇ ತಿಂಗಳಲ್ಲಿ ಎನ್‌ವಿಡಿಯಾ ತನ್ನ ಕರ್ನಲ್ ಮಾಡ್ಯೂಲುಗಳ ಲಕೋಟೆ ಒಡೆಯಿತು. ಅವುಗಳ ಪರವಾನಗಿಯ ಸಾಲಿನಲ್ಲಿ ಈಗ ಎಂಐಟಿ ಜೊತೆಗೆ ಜಿಪಿಎಲ್ ಎಂದೂ ಬರೆದಿದೆ. ಅತ್ತ ಲ್ಯಾಪ್‌ಟಾಪ್ ಕಂಪನಿಗಳು ಕಿತ್ತಿದ್ದ ಚೇಂಜ್‌ಓವರನ್ನು ‘ಮಕ್ಸ್ ಸ್ವಿಚ್’ ಎಂದು ಹೊಸ ನಾಮಕರಣ ಮಾಡಿ, ಗೇಮಿಂಗ್ ಮಾದರಿಗಳ ಹಿರಿಮೆಯಾಗಿ ಮಾರುತ್ತಿವೆ. ತೆರೆದ ಮಾಡ್ಯೂಲುಗಳು ದುಡಿಯುವುದು 2018ರ ಟ್ಯೂರಿಂಗ್ ಚಿಪ್‌ಗಳಿಂದ ಈಚೆಗೆ ಮಾತ್ರ. ಬಂಬಲ್‌ಬೀ ಕಾಲದ ಜಿಟಿ 540ಎಂ ಚಿಪ್ಪಿನ ಲ್ಯಾಪ್‌ಟಾಪ್‌ಗಳು 390 ಡ್ರೈವರಿಗೇ ನಿಂತುಹೋದವು, ಅವಕ್ಕೆ 435 ಬರಲೇ ಇಲ್ಲ. ಅಂಥದೊಂದು ಯಾವುದಾದರೂ ಮನೆಯ ಅಟ್ಟದ ಮೇಲಿದ್ದರೆ, ಅದರ ಎನ್‌ವಿಡಿಯಾ ಚಿಪ್ಪಿನ ಮೇಲೆ ಕಂಪನಿಯ ಡ್ರೈವರಿನಿಂದ ಒಂದೊಂದು ಪ್ರೋಗ್ರಾಂ ಮಾತ್ರ ಓಡಿಸಲು ಇಂದಿಗೂ ಆಸರೆ ‘ಆಪ್ಟಿರನ್’.